ಶಿರಿಯ ಹೊಳೆಯ ಗಾಳ ತೀರ್ಥನ್ ಹೊಳೆಯ ಟ್ರೌಟಿಗೆ ಆದೀತಾ?

ನೀವು ಕೇಳಿದ್ದು ಇಷ್ಟು: ಊರು ಬದಿಯಡ್ಕ. ಅಕ್ಟೋಬರ್ ಎರಡನೇ ವಾರ ಮೂವರು ಹಿಮಾಚಲದ ತೀರ್ಥನ್ ಕಣಿವೆಗೆ ಹೋಗಿ ಮೂರು ದಿನ ಟ್ರೌಟ್ ಎಂಬ ತಣ್ಣೀರಿನ ಮೀನಿಗೆ ಗಾಳ ಹಾಕುವ ಯೋಚನೆ. ಶಿರಿಯ ಅಳಿವೆಯಲ್ಲಿ ಕಾಳಾಂಜಿಗೆ ಹಾಕುವ 8 ಅಡಿಯ ಕೋಲು, ನೂಲು ಸುತ್ತುವ 5000 ಸೈಜಿನ ರೀಲು ಈಗಲೇ ಉಂಟು. ಅದೇ ಸಾಕಾ, ಹೊಸತು ಬೇಕಾ, ತಲೆಗೆ 12,000 ರೂಪಾಯಿಯಲ್ಲಿ ಏನೇನು ಕೊಳ್ಳಬಹುದು?

ಇರುವ ಕೋಲು ಆಗುವುದಿಲ್ಲ. ಹಾಗೆಂದು ದುಡ್ಡನ್ನೆಲ್ಲ ಹೊಸ ಕೋಲಿಗೆ ಸುರಿಯಬೇಡಿ. ದೊಡ್ಡ ಪಾಲು ಹೋಗಬೇಕಾದ್ದು ಕೋಲಿಗಲ್ಲ, ಕಾಲಿಗೆ. ಅದಕ್ಕೆ ಆಮೇಲೆ ಬರುತ್ತೇನೆ.

ಕಾಳಾಂಜಿಗೂ ಚೆಂಬಲ್ಲಿಗೂ ನಾವು ಎಸೆಯುವುದು 15ರಿಂದ 40 ಗ್ರಾಂ ತೂಕದ ಪ್ಲಾಸ್ಟಿಕ್ ಮೀನು, ಇಲ್ಲವಾದರೆ ಸೀಸ ಕಟ್ಟಿದ ಸಿಗಡಿ. ಟ್ರೌಟಿಗೆ ಎಸೆಯುವ ಸ್ಪಿನ್ನರು (ನೀರಿನಲ್ಲಿ ತಿರುಗುವ ಲೋಹದ ರೆಕ್ಕೆಯಿರುವ ಗಾಳ) 2.5ರಿಂದ 5 ಗ್ರಾಂ, ಸುಲಿದ ಒಣ ಅಡಿಕೆಗಿಂತಲೂ ಹಗುರ. ದಪ್ಪ ಕೋಲಿನ ತುದಿಗೆ ಅಷ್ಟು ಸಣ್ಣದನ್ನು ಕಟ್ಟಿದ್ದೇ ಗೊತ್ತಾಗುವುದಿಲ್ಲ. ತುದಿ ಬಾಗದಿದ್ದರೆ ಎಸೆತಕ್ಕೆ ಬಲವಿಲ್ಲ. ಬಲ ಸಾಲದೆಂದು ಕೈ ಜೋರಾಗಿ ಬೀಸಿದರೆ ನೂಲು ಸುರುಳಿ ಸುರುಳಿಯಾಗಿ ಒಟ್ಟಿಗೆ ಹೊರಬಿದ್ದು ಮುದ್ದೆಯಾಗುತ್ತದೆ. ಅದನ್ನು ಬಿಡಿಸುವುದರಲ್ಲೇ ಬೆಳಗ್ಗಿನ ಒಳ್ಳೆಯ ಹೊತ್ತು ಕಳೆದುಹೋಗುತ್ತದೆ. ಇನ್ನೊಂದು ಸಂಗತಿ, ಅಲ್ಲಿ ಸಾಮಾನ್ಯವಾಗಿ ಸಿಗುವುದು ಗೇಣಿಗಿಂತ ತುಸು ಉದ್ದದ ಮೀನು. ಮೊಳ ಉದ್ದದ್ದು ಬಂದರೆ ಅದೃಷ್ಟ. ಅಳಿವೆಯ ಕೋಲಿನಲ್ಲಿ ಎಳೆದರೆ ಗಾಳ ಅದರ ಮೆತ್ತಗಿನ ಬಾಯಿ ಹರಿದುಕೊಂಡು ಬರುತ್ತದೆ.

ಹೊಸ ಕೋಲು ಕೊಳ್ಳುವಾಗ ಹಿಡಿಯ ಮೇಲ್ಭಾಗದಲ್ಲಿ ಅಚ್ಚಾದ ಅಂಕಿ ಓದಿ. ಉದ್ದ 6ರಿಂದ 7 ಅಡಿ, ಲೂರಿನ (ಎಸೆಯುವ ಕೃತಕ ಗಾಳದ) ತೂಕ 2–8 ಅಥವಾ 3–10 ಗ್ರಾಂ, ಹೆಸರಿನಲ್ಲಿ ಅಲ್ಟ್ರಾಲೈಟ್ ಅಥವಾ ಲೈಟ್. ಲೂರಿನ ತೂಕ ಬರೆಯದ ಕೋಲು ಎಷ್ಟು ಅಗ್ಗವಾದರೂ ಬೇಡ. 2,000 ರೂಪಾಯಿ ಆಸುಪಾಸಿನದ್ದು ಈ ಕೆಲಸಕ್ಕೆ ಧಾರಾಳ. ಅಂಗಡಿಯಲ್ಲಿ ತುಂಡುಗಳನ್ನು ಜೋಡಿಸಿ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ, ನೂಲು ಹಾಯುವ ಬಳೆಗಳೆಲ್ಲ ಒಂದೇ ಸಾಲಿನಲ್ಲಿರಬೇಕು. ಕಿವಿಗೆ ಹಾಕುವ ಹತ್ತಿಯ ಕಡ್ಡಿಯನ್ನು ಪ್ರತಿ ಬಳೆಯ ಒಳಗೆ ತಿರುಗಿಸಿ. ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಪಿಂಗಾಣಿ ಸೀಳಿದೆ ಎಂದರ್ಥ, ಆ ಸೀಳು ನೂಲನ್ನು ಒಂದೇ ದಿನದಲ್ಲಿ ಕೊಯ್ದುಹಾಕುತ್ತದೆ. ಬಾಗುವುದನ್ನು ನೋಡಲು ಅಂಗಡಿಯವರು ತುದಿಯನ್ನು ಬೆರಳಲ್ಲಿ ಹಿಡಿದು ಬಗ್ಗಿಸುತ್ತಾರೆ, ಬಿಡಬೇಡಿ. ತುದಿ ಮುರಿಯುವುದೇ ಹಾಗೆ. ನೂಲು ಪೋಣಿಸಿ, ನೂಲನ್ನು ಎಳೆದು ನೋಡಬೇಕು.

ರೀಲು 2000 ಸೈಜು. ಬೇರಿಂಗ್ ಎಷ್ಟೆಂಬ ಲೆಕ್ಕ ಬಿಟ್ಟುಬಿಡಿ, ಡಬ್ಬದ ಮೇಲೆ 12 ಎಂದು ಬರೆದದ್ದೂ ಗರಗರ ಅನ್ನುತ್ತದೆ. ಡ್ರ್ಯಾಗ್ ಅಂದರೆ ಮೀನು ಎಳೆದಾಗ ನೂಲು ಬಿಟ್ಟುಕೊಡುವ ಬಿಗಿತ, ಅದನ್ನು ಸಡಿಲಿಸಿ ನೂಲನ್ನು ಮೆಲ್ಲ ಎಳೆಯಿರಿ. ಮೊದಲು ಗಟ್ಟಿಯಾಗಿ ನಿಂತು ಆಮೇಲೆ ಥಟ್ಟನೆ ಬಿಟ್ಟರೆ ಅಂಥ ರೀಲು ಬೇಡ, ಸಪೂರ ನೂಲು ತುಂಡಾಗುವುದು ಆ ಒಂದು ಕ್ಷಣದ ತಡೆಯಲ್ಲೇ. ನೂಲನ್ನು ಹಿಡಿದು ಸುತ್ತಿಸುವ ಬೇಲ್ ತಂತಿ, ಹಿಡಿಕೆ ಅರ್ಧ ಸುತ್ತು ತಿರುಗುವುದರೊಳಗೆ ಸರಿಯಾಗಿ ಮುಚ್ಚಿಕೊಳ್ಳಬೇಕು.

ನೂಲಿನ ವಿಷಯದಲ್ಲಿ ನಮ್ಮವರು ಎಡವುವುದು ಜಾಸ್ತಿ. ಬಂದರಿನ ಅಂಗಡಿಗಳಲ್ಲಿ ಬಿಸಿಲಿಗೆ ತೂಗುಹಾಕಿದ ತಂಗೂಸು ಅಗ್ಗಕ್ಕೆ ಸಿಗುತ್ತದೆ, ಆದರೆ ಬಿಸಿಲು ನೈಲಾನಿನ ಬಲ ತಿನ್ನುತ್ತದೆ. ಮುಚ್ಚಿದ ಡಬ್ಬದಲ್ಲಿರುವ 6 ಪೌಂಡಿನ ನೈಲಾನ್ ತನ್ನಿ, ದಪ್ಪ 0.20ರಿಂದ 0.23 ಮಿಲಿಮೀಟರ್, 100 ಮೀಟರ್ ಸಾಕು. ಅಳಿವೆಯ 0.45ರ ನೂಲಾದರೆ 4 ಗ್ರಾಮಿನ ಸ್ಪಿನ್ನರಿಗೆ ಅದನ್ನು ಎಳೆದೊಯ್ಯುವ ಶಕ್ತಿಯಿಲ್ಲ, ಸೆಳವು ಬೇರೆ ಅದನ್ನು ಬಿಲ್ಲಿನ ಹಾಗೆ ಬಾಗಿಸುತ್ತದೆ. ಎಳೆ ಹೆಣೆದು ಮಾಡಿದ ಬ್ರೇಡ್ ನೂಲು ಈ ಸಲ ಬೇಡ. ಬಲ ಜಾಸ್ತಿ, ಎಸೆತ ದೂರ, ಎಲ್ಲ ನಿಜ. ಆದರೆ ತೀರ್ಥನ್ ತುಂಬ ಬಂಡೆ. ಉಜ್ಜಿದರೆ ಬ್ರೇಡ್ ಬೇಗ ಹರಿಯುತ್ತದೆ, ಅದರ ತುದಿಗೆ ಲೀಡರ್ ಎಂಬ ನೈಲಾನ್ ತುಂಡು ಕಟ್ಟುವ ಗಂಟು ಬೇರೆ ಕಲಿಯಬೇಕು.

ರೀಲಿನ ಸ್ಪೂಲಿಗೆ ಸುತ್ತುವಾಗ ಒದ್ದೆ ಬೈರಾಸಿನ (ಟವೆಲಿನ) ಮಡಿಕೆಯಲ್ಲಿ ನೂಲನ್ನು ಹಿಡಿದು ಬಿಗಿಯಾಗಿ ಸುತ್ತಿ. ಅಂಚಿಗೆ 2 ಮಿಲಿಮೀಟರ್ ಉಳಿದಾಗ ನಿಲ್ಲಿಸಿ. ಅಂಚಿನವರೆಗೆ ತುಂಬಿಸಿದರೆ ತಾನಾಗಿ ಜಾರಿ ಗೋಜಲಾಗುತ್ತದೆ, ಕಡಿಮೆಯಾದರೆ ಅಂಚಿಗೆ ತಾಗಿ ಎಸೆತ ಮೊಟಕಾಗುತ್ತದೆ. ಸ್ಪಿನ್ನರ್ ನೀರಿನಲ್ಲಿ ತಿರುಗುತ್ತಾ ನೂಲಿಗೂ ಹುರಿ ಹಾಕಿಬಿಡುತ್ತದೆ. ಅದಕ್ಕೆ ಸ್ಪಿನ್ನರಿನಿಂದ 50 ಸೆಂಟಿಮೀಟರ್ ಮೇಲೆ ಇರುವುದರಲ್ಲೇ ಚಿಕ್ಕ ಸ್ವಿವೆಲ್ (ತಿರುಗುವ ಕೊಂಡಿ) ಒಂದನ್ನು ಕಟ್ಟಿ.

ಗಂಟು ಒಂದೇ ಸಾಕು, ಪಾಲೋಮಾರ್. ನೂಲಿನ ತುದಿಯ 15 ಸೆಂಟಿಮೀಟರನ್ನು ಮಡಚಿ, ಮಡಿಕೆಯನ್ನು ಸ್ಪಿನ್ನರಿನ ಕಣ್ಣಿನೊಳಗೆ ತೂರಿಸಿ, ಆ ಜೋಡಿ ಎಳೆಯಿಂದಲೇ ಒಂದು ಸಡಿಲ ಗಂಟು ಹಾಕಿ. ಉಳಿದ ಕುಣಿಕೆಯೊಳಗಿಂದ ಸ್ಪಿನ್ನರನ್ನು ಪೂರ್ತಿ ದಾಟಿಸಿ, ಎಂಜಲು ಹಚ್ಚಿ, ಎರಡೂ ಎಳೆ ಸೇರಿಸಿ ನಿಧಾನ ಬಿಗಿಯಿರಿ. ಎಂಜಲು ಶಾಸ್ತ್ರಕ್ಕಲ್ಲ. ಒಣಗಿದ ನೈಲಾನ್ ಬಿಗಿಯುವಾಗ ತಿಕ್ಕಿ ಬಿಸಿಯಾಗಿ ಅಲ್ಲೇ ದುರ್ಬಲವಾಗುತ್ತದೆ. ಗಂಟಿನ ಹತ್ತಿರ ನೂಲು ಸುಕ್ಕಾಗಿ ಬೆಳ್ಳಗೆ ಕಂಡರೆ ಕತ್ತರಿಸಿ ಮತ್ತೆ ಕಟ್ಟಿ. ಡ್ರ್ಯಾಗನ್ನು ನೂಲಿನ ಬಲದ ಕಾಲು ಭಾಗಕ್ಕೆ ಇಡಬೇಕು. 6 ಪೌಂಡ್ ಅಂದರೆ 2.7 ಕಿಲೋ, ಕಾಲು ಭಾಗ ಸುಮಾರು 700 ಗ್ರಾಂ. ಬ್ಯಾಗ್ ತೂಗುವ ಕೈತಕ್ಕಡಿಯನ್ನು ನೂಲಿಗೆ ಸಿಕ್ಕಿಸಿ ಎಳೆದರೆ ಅಂದಾಜು ಬೇಕಾಗುವುದಿಲ್ಲ.

ಸ್ಪಿನ್ನರುಗಳಲ್ಲಿ ಮೆಪ್ಸ್ ಅಗ್ಲಿಯಾ ಅಥವಾ ಅದೇ ನಮೂನೆಯದ್ದು, 1ನೇ ನಂಬರಿನವು (3.5 ಗ್ರಾಂ) ನಾಲ್ಕು, 2ನೇ ನಂಬರಿನವು ಎರಡು, ಜೊತೆಗೆ 3–5 ಗ್ರಾಮಿನ ಚಮಚದಾಕಾರದ ಸ್ಪೂನ್ ಎರಡು. ಬೆಳ್ಳಿ, ಬಂಗಾರ ಎರಡು ಬಣ್ಣ ಸಾಕು. ದಿನಕ್ಕೆ ಎರಡಾದರೂ ಬಂಡೆ ಸಂದಿಗೆ ಹೋಗುತ್ತವೆ, ಆದ್ದರಿಂದ ಒಂದು ದುಬಾರಿಯದ್ದಕ್ಕಿಂತ ಆರು ಸಾಧಾರಣದ್ದು ಮೇಲು. ಗಾಳದ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಕೊಳ್ಳಿ. ಮೀನನ್ನು ಬಿಡುವುದು ಸುಲಭ, ನಿಮ್ಮ ಬೆರಳಿಗೆ ಹೊಕ್ಕರೆ ತೆಗೆಯುವುದೂ ಸುಲಭ. ಗಾಳ ಬಿಡಿಸಲು ಮೀನುಗಾರಿಕೆಯ ಹೆಸರಿನ ದುಬಾರಿ ಸಾಧನ ಬೇಡ, ಆಸ್ಪತ್ರೆ ಸಾಮಾನಿನ ಅಂಗಡಿಯ 6 ಇಂಚಿನ ಆರ್ಟರಿ ಫೋರ್ಸೆಪ್ಸ್ ಅದಕ್ಕಿಂತ ಚೆನ್ನಾಗಿದೆ. ಫ್ಲೈ ಗಾಳದ (ಹುಳದಂತೆ ಕಾಣಲು ಕಟ್ಟಿದ ಗಾಳದ) ಆಸೆ ಇರುತ್ತದೆ, ಟ್ರೌಟ್ ಅಂದರೆ ಅದೇ ಚಿತ್ರ ಕಣ್ಣಿಗೆ ಬರುವುದು. ಮೂರು ದಿನದ ಮೊದಲ ಪ್ರವಾಸಕ್ಕೆ ಬೇಡ, ಎಸೆತ ಕಲಿಯುವಷ್ಟರಲ್ಲಿ ರಜೆ ಮುಗಿಯುತ್ತದೆ.

ಈಗ ಕಾಲು. ತೀರ್ಥನ್ ಪಯಸ್ವಿನಿಯ ಹಾಗೆ ಮರಳಿನ ದಂಡೆಯ ಹೊಳೆಯಲ್ಲ. ತೆಂಗಿನಕಾಯಿಯಿಂದ ಹಿಡಿದು ಕಾರಿನಷ್ಟು ದೊಡ್ಡ ಉರುಟು ಕಲ್ಲು, ಅದರ ಮೇಲೆ ತೆಳ್ಳಗಿನ ಪಾಚಿ, ಸೆಳವು ಜೋರು, ಹಿಮದ ನೀರು. ನಮ್ಮ ತೋಟದ ಗಂಬೂಟು ಕೊಂಡುಹೋಗುತ್ತೇವೆ ಅನ್ನುವವರಿಗೆ ಒಂದೇ ಮಾತು: ಬೇಡ. ಅಡಿ ನುಣುಪು, ಬಾಯಿ ಅಗಲ. ಮೊಣಕಾಲಿನ ಹತ್ತಿರ ನೀರು ಬಂದದ್ದೇ ಒಳಗೆ ತುಂಬಿ ಕಾಲು ಎತ್ತಲಾಗದಂತೆ ಭಾರವಾಗುತ್ತದೆ, ಸೆಳವಿನಲ್ಲಿ ಬಿದ್ದರೆ ಏಳುವುದು ಕಷ್ಟ. ವೇಡರ್ ಎಂಬ ಎದೆಮಟ್ಟದ ಜಲನಿರೋಧಕ ಉಡುಪಿಗೂ ಅದೇ ಅಪಾಯ ಉಂಟು, ಆ ದುಡ್ಡು ಉಳಿಸಿ.

ಬೇಕಾದ್ದು ಹಿಮ್ಮಡಿ ಗಂಟಿನ ಮೇಲಕ್ಕೆ ಬರುವ, ಲೇಸು ಕಟ್ಟುವ, ಮೆತ್ತಗಿನ ರಬ್ಬರ್ ಅಡಿಯ ಶೂ. ನೀರು ಹೊರಹೋಗಲು ಬದಿಯಲ್ಲಿ ತೂತು ಅಥವಾ ಬಲೆ ಇರಬೇಕು. ಉಣ್ಣೆಯ ಗಟ್ಟಿ ಹಾಳೆಯಂಥ ಫೆಲ್ಟ್ ಅಡಿ ಪಾಚಿಯ ಮೇಲೆ ಎಲ್ಲಕ್ಕಿಂತ ಚೆನ್ನಾಗಿ ಹಿಡಿಯುತ್ತದೆ, ಆದರೆ ಬೇಗ ಒಣಗದೆ ಒಂದು ಹೊಳೆಯ ಸೂಕ್ಷ್ಮ ಪಾಚಿಯನ್ನು ಇನ್ನೊಂದಕ್ಕೆ ಸಾಗಿಸುತ್ತದೆ, ಆ ಕಾರಣಕ್ಕೆ ಹೊರದೇಶಗಳಲ್ಲಿ ಕೆಲವು ಕಡೆ ಅದನ್ನು ನಿಷೇಧಿಸಿದ್ದಾರೆ. ಒಳಗೆ 3 ಮಿಲಿಮೀಟರಿನ ನಿಯೋಪ್ರೀನ್ ಕಾಲುಚೀಲ. ಅದನ್ನು ಹಾಕಿಕೊಂಡೇ ಶೂ ಅಳತೆ ನೋಡಿ, ಒಂದು ಸೈಜು ದೊಡ್ಡದು ಬೇಕಾಗುತ್ತದೆ. ಬಿಗಿಯಾದರೆ ರಕ್ತ ಸಂಚಾರ ಕಡಿಮೆಯಾಗಿ ಕಾಲು ಇನ್ನೂ ಬೇಗ ಮರಗಟ್ಟುತ್ತದೆ. ಶೂ, ಕಾಲುಚೀಲ ಸೇರಿ 5,000 ಆದರೂ ಬೇಸರಪಡಬೇಡಿ.

ಶೂ ಪರೀಕ್ಷೆಗೆ ಹಿಮಾಚಲಕ್ಕೇ ಹೋಗಬೇಕೆಂದಿಲ್ಲ. ಸೆಪ್ಟೆಂಬರಿನಲ್ಲಿ ಪಾಚಿ ಹಿಡಿದ ನಮ್ಮ ಅಂಗಳ, ಸೋಗೆ ಹಾಕದ ತೋಟದ ದಾರಿ, ತೋಡಿನ ಕಲ್ಲು ಇವಕ್ಕಿಂತ ಕಠಿಣ ಪರೀಕ್ಷೆ ಎಲ್ಲುಂಟು? ಅಲ್ಲಿ ಜಾರದ ಶೂ ತೀರ್ಥನಿಗೆ ಆದೀತು. ಅಂಗಡಿಯ ಟೈಲ್ಸಿನ ಮೇಲೆ ಎರಡು ಸುತ್ತು ನಡೆದು ತೀರ್ಮಾನಿಸಬೇಡಿ. ಜೊತೆಗೆ ಎದೆಮಟ್ಟದ ಒಂದು ದೊಣ್ಣೆ, ಅದು ಅಲ್ಲೇ ಸಿಗುತ್ತದೆ. ನೀರಿನಲ್ಲಿ ಎರಡು ಆಧಾರ ನೆಲೆ ನಿಂತ ಮೇಲೆ ಮಾತ್ರ ಮೂರನೆಯದು ಎತ್ತುವುದು. ಮೊಣಕಾಲಿಗಿಂತ ಆಳಕ್ಕೆ ಇಳಿಯುವ ಅಗತ್ಯವೇ ಇಲ್ಲ. ತಿಳಿನೀರು ಒಮ್ಮೆಲೇ ಮಸುಕಾದರೆ ಮೇಲೆ ಎಲ್ಲೋ ಮಳೆ ಹೊಯ್ದಿದೆ, ಮಾತಿಲ್ಲದೆ ದಡಕ್ಕೆ ಬನ್ನಿ.

ಬಟ್ಟೆಯಲ್ಲಿ ಹತ್ತಿ ಬೇಡ, ಜೀನ್ಸ್ ಅಂತೂ ಬೇಡವೇ ಬೇಡ. ಬೇಗ ಒಣಗುವ ಪ್ಯಾಂಟು, ಒಂದು ಫ್ಲೀಸ್, ಮಳೆ ಕೋಟು. ಅಕ್ಟೋಬರಿನ ರಾತ್ರಿ ನಮ್ಮ ಲೆಕ್ಕದಲ್ಲಿ ಭಾರೀ ಚಳಿ. ಮುಂದೆ ಅಂಚಿರುವ ಟೊಪ್ಪಿ ಇರಲಿ. ಅಡಿಕೆ ಹಾಳೆಯ ಮುಟ್ಟಾಳೆ ಬಿಸಿಲಿಗೆ ಚೆನ್ನವೇ, ಆದರೆ ಗಾಳಿಗೆ ಹಾರಿದರೆ ಅದರ ಹಿಂದೆ ಓಡುವ ಜಾಗವಲ್ಲ ಅದು.

ಪೋಲರೈಸ್ಡ್ ಕನ್ನಡಕ ಖಂಡಿತ ಬೇಕು. ನೀರಿನ ಮೇಲಿನ ಹೊಳಪು ಹೋಗಿ ತಳದ ಕಲ್ಲು ಕಾಣುತ್ತದೆ, ಮೀನಿಗಿಂತ ಮೊದಲು ಕಾಲಿಡುವ ಜಾಗ ಕಾಣುತ್ತದೆ. ಬಂಡೆಯಿಂದ ಬಿಡಿಸಿಕೊಂಡು ಚಿಮ್ಮುವ ಗಾಳದಿಂದ ಕಣ್ಣಿಗೂ ರಕ್ಷೆ. ಬೀದಿಬದಿಯಲ್ಲಿ ಪೋಲರೈಸ್ಡ್ ಎಂದು ಚೀಟಿ ಅಂಟಿಸಿ ಮಾರುವುದೆಲ್ಲ ಅದಲ್ಲ. ಮೊಬೈಲ್ ಪರದೆಯ ಎದುರು ಕನ್ನಡಕ ಹಿಡಿದು ಮೆಲ್ಲನೆ ಕಾಲು ಸುತ್ತು ತಿರುಗಿಸಿ. ಯಾವುದೋ ಒಂದು ಕೋನದಲ್ಲಿ ಪರದೆ ಕಪ್ಪಾದರೆ ಅಸಲಿ, ಹೇಗೆ ತಿರುಗಿಸಿದರೂ ಒಂದೇ ತರ ಕಂಡರೆ ಬರೀ ಬಣ್ಣದ ಗಾಜು ಇರಬಹುದು.

ಎರಡು ತುಂಡಿನ 7 ಅಡಿ ಕೋಲು ಮಡಚಿದರೂ 3.5 ಅಡಿ. ಕಾಸರಗೋಡಿನಿಂದ ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ದೆಹಲಿಯ ನಿಜಾಮುದ್ದೀನಿಗೆ, ಅಲ್ಲಿಂದ ಮನಾಲಿ ಬಸ್ಸು ಹಿಡಿದು ಔಟ್‌ನಲ್ಲಿ ಇಳಿದು ಬಂಜಾರ್ ಕಡೆಗೆ. ಇಷ್ಟು ದೂರದಲ್ಲಿ ಕೋಲಿನ ಮೇಲೆ ಯಾರಾದರೂ ಪೆಟ್ಟಿಗೆ ಇಡುವುದು ಖಂಡಿತ. ಅಡಿಕೆ ತೋಟಕ್ಕೆ ನೀರು ಬಿಡುವ 63 ಮಿಲಿಮೀಟರ್ ಪಿವಿಸಿ ಪೈಪಿನ ತುಂಡು, ಎರಡು ಕಡೆ ಮುಚ್ಚಳ, ಒಳಗೆ ಹಳೆ ಬೈರಾಸು. ಇದಕ್ಕಿಂತ ಗಟ್ಟಿ ಪೆಟ್ಟಿಗೆ ಅಂಗಡಿಯಲ್ಲಿ ಸಿಗುವುದಿಲ್ಲ. ವಿಮಾನದಲ್ಲಿ ಹೋಗುವುದಾದರೆ ಗಾಳಗಳು ಕೈಚೀಲದಲ್ಲಿ ಬೇಡ, ತಪಾಸಣೆಯಲ್ಲಿ ತೆಗೆದಿಡುತ್ತಾರೆ.

ಹೊರಡುವ ಮೊದಲು ಹತ್ತು ಸಂಜೆ ಅಭ್ಯಾಸ ಮಾಡಿ. ಅಂಗಳದಲ್ಲಿ 8, 12, 15 ಮೀಟರಿಗೆ ಒಂದೊಂದು ಅಡಿಕೆ ಹಾಳೆ ಹಾಸಿ, ನೂಲಿಗೆ 4 ಗ್ರಾಮಿನಷ್ಟು ತೂಗುವ ನಟ್ಟು ಕಟ್ಟಿ ಎಸೆಯಿರಿ. ಹಾಳೆಗೆ ಬಿದ್ದರೆ ಸದ್ದೇ ಹೇಳುತ್ತದೆ. ತೀರ್ಥನಿನಲ್ಲಿ 15 ಮೀಟರಿಗಿಂತ ದೂರ ಎಸೆಯುವ ಪ್ರಸಂಗ ಕಡಿಮೆ, ಬೇಕಾದ್ದು ಗುರಿ. ಟ್ರೌಟ್ ಸೆಳವಿಗೆ ಮುಖ ಮಾಡಿ ದೊಡ್ಡ ಕಲ್ಲಿನ ಹಿಂದೆ ಮುಂದೆ, ಜೋರು ನೀರೂ ನಿಧಾನ ನೀರೂ ಸೇರುವ ಗೆರೆಯಲ್ಲಿ ನಿಂತಿರುತ್ತದೆ. ಹಾಗಾಗಿ ಕೆಳಗಿನಿಂದ ಮೇಲಕ್ಕೆ, ಬಗ್ಗಿಕೊಂಡು ಹೋಗಿ. ಸ್ಪಿನ್ನರನ್ನು ಓರೆಯಾಗಿ ಮೇಲಕ್ಕೆ ಎಸೆದು, ನೀರಿನ ವೇಗಕ್ಕಿಂತ ತುಸು ಜೋರಾಗಿ ಸುತ್ತಿ. ನಿಧಾನವಾದರೆ ರೆಕ್ಕೆ ತಿರುಗದೆ ಸ್ಪಿನ್ನರ್ ತಳಕ್ಕೆ ಸೇರುತ್ತದೆ. ಒಂದು ಜಾಗಕ್ಕೆ ನಾಲ್ಕೈದು ಎಸೆತ, ಕಚ್ಚದಿದ್ದರೆ ಮುಂದೆ. ಅಳಿವೆಯ ಹಾಗೆ ಒಂದೇ ಕಡೆ ಬೀಡಿ ಹಚ್ಚಿ ಕೂರುವ ಕೆಲಸ ಅಲ್ಲ ಇದು.

ಹಿಮಾಚಲದಲ್ಲಿ ಟ್ರೌಟಿಗೆ ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ನಿಷೇಧ, ಮೊಟ್ಟೆ ಇಡುವ ಕಾಲ. ನಿಮ್ಮ ದಿನಾಂಕ ಅದಕ್ಕೆ ಸ್ವಲ್ಪ ಮೊದಲು ಬೀಳುತ್ತದೆ, ಇನ್ನೂ ಮುಂದೂಡಬೇಡಿ. ಮೀನುಗಾರಿಕಾ ಇಲಾಖೆಯ ಲೈಸೆನ್ಸ್ ಬೇಕೇಬೇಕು. ಎಷ್ಟು ಮೀನು, ಎಷ್ಟು ಉದ್ದದ್ದು ಇಟ್ಟುಕೊಳ್ಳಬಹುದೆಂದು ಅಲ್ಲೇ ಕೇಳಿಕೊಳ್ಳಿ. ಗುಶೈನಿಯಿಂದ ಮೇಲೆ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನ ಉಂಟು, ಅದರ ಗಡಿಯೊಳಗೆ ಗಾಳ ಹಾಕುವ ಹಾಗಿಲ್ಲ. ಬಿಡುವ ಮೀನನ್ನು ಒಣ ಕೈಯಲ್ಲಿ ಮುಟ್ಟಬೇಡಿ, ಮೈಮೇಲಿನ ಲೋಳೆ ಹೋದರೆ ಅದಕ್ಕೆ ರೋಗ. ತೆಳುನೀರಿನ ಸಣ್ಣ ಜಲ್ಲಿಯಲ್ಲಿ ಹೊಸದಾಗಿ ಕೆದಕಿದಂತೆ ಬೆಳ್ಳಗಿನ ಜಾಗ ಕಂಡರೆ ಅಲ್ಲಿ ಮೊಟ್ಟೆ ಇರಬಹುದು, ತುಳಿಯದೆ ಸುತ್ತಿಹೋಗಿ.

ಕೊನೆಯಲ್ಲಿ ಕೇಳಿದ್ದಿರಿ, ಟ್ರೌಟನ್ನು ಇಲ್ಲೇ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಬಿಲದ) ನೀರು ಬಿಟ್ಟು ಸಾಕಬಹುದಾ ಎಂದು. ಆಗದು ಮಾರಾಯ್ರೆ. ನೀರು 20 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ ಶುರು, ನಮ್ಮ ಸುರಂಗದ ನೀರು ಕೈಗೆ ತಣ್ಣಗೆನಿಸಿದರೂ ಆ ಮಟ್ಟಕ್ಕೆ ಇಳಿಯುವುದಿಲ್ಲ. ಆ 5000 ರೀಲನ್ನು ಮಾತ್ರ ಮಾರಬೇಡಿ. ಹೊರಡುವ ಮೊದಲು ಸಿಹಿನೀರಲ್ಲಿ ತೊಳೆದು, ಡ್ರ್ಯಾಗ್ ಪೂರ್ತಿ ಸಡಿಲಿಸಿ ಇಟ್ಟು ಹೋಗಿ. ಬಿಗಿದೇ ಇಟ್ಟರೆ ವಾಷರ್ ಒತ್ತಿಕೊಂಡು ಅಂಟುತ್ತದೆ, ನೀವು ವಾಪಸು ಬಂದು ಕಾಳಾಂಜಿಗೆ ಹಾಕುವ ದಿನವೇ ಅದು ಕೈಕೊಡುತ್ತದೆ.