ವೀಸಾ ಅರ್ಜಿಯಲ್ಲಿ ಅಮ್ಮನಿಗೆ ಕಾಲಮ್ಮಿಲ್ಲ

ಓದುಗರ ಪತ್ರ: ನನಗೆ 33 ವರ್ಷ. ಎಸ್ಸೆಸ್ಸೆಲ್ಸಿ ನಂತರ ಎಲೆಕ್ಟ್ರಿಷಿಯನ್ ಟ್ರೇಡಿನಲ್ಲಿ ಎರಡು ವರ್ಷದ ಐಟಿಐ ಮುಗಿಸಿದ್ದೇನೆ. ಒಂಬತ್ತು ವರ್ಷದಿಂದ ಕಂಟ್ರಾಕ್ಟರ್ ಒಬ್ಬರ ಹತ್ತಿರ ವೈರಿಂಗ್, ಪ್ಯಾನೆಲ್ ಕೆಲಸ. ಅಪ್ಪ ತೀರಿಕೊಂಡಿದ್ದಾರೆ. ಅಮ್ಮನಿಗೆ 66. ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಹೊತ್ತು ಇನ್ಸುಲಿನ್, ಮಂಡಿನೋವು. ತಂಗಿ ಮದುವೆಯಾಗಿ ದಾವಣಗೆರೆಯಲ್ಲಿದ್ದಾಳೆ. ಏಜೆಂಟ್ ಒಬ್ಬರು ಕೆನಡಾ ವರ್ಕ್ ಪರ್ಮಿಟ್ ಮಾಡಿಸುತ್ತೇನೆ, ಅಮ್ಮನನ್ನೂ ಡಿಪೆಂಡೆಂಟ್ ಎಂದು ತೋರಿಸಿ ಜೊತೆಗೇ ಕಳಿಸುತ್ತೇನೆ, ಮೂರೂವರೆ ಲಕ್ಷ ಆಗುತ್ತದೆ ಎಂದಿದ್ದಾರೆ. 25,000 ಮುಂಗಡ ಕೊಟ್ಟಿದ್ದೇನೆ. ಪಾಸ್‌ಪೋರ್ಟೂ ಅವರ ಬಳಿಯೇ ಇದೆ. ಉಳಿದ ಹಣಕ್ಕೆ ಒಂದೂವರೆ ಎಕರೆ ಹೊಲ ಅಡ ಇಡಬೇಕು. ದುಬೈಯಲ್ಲಿರುವ ಗೆಳೆಯ ‘ವಿಸಿಟ್ ವೀಸಾದಲ್ಲಿ ಬಾ, ಬಂದಮೇಲೆ ಕೆಲಸ ನೋಡೋಣ’ ಅನ್ನುತ್ತಾನೆ. ಅಮ್ಮನನ್ನು ಬಿಟ್ಟು ಹೋಗಲಾರೆ. ನನ್ನಂಥವನಿಗೆ ಯಾವ ದೇಶ ಆದೀತು? (ಹಾವೇರಿ ಜಿಲ್ಲೆಯಿಂದ, ಹೆಸರು ಬೇಡವೆಂದಿದ್ದಾರೆ)

ಸಂಪಾದಕರ ಉತ್ತರ: ಹೊಲ ಅಡ ಇಡಬೇಡಿ. ಮಿಕ್ಕಿದ್ದನ್ನು ಆಮೇಲೆ ಮಾತಾಡೋಣ.

ನಿಮ್ಮ ಪತ್ರದ ಗೋಜಲೆಲ್ಲ ‘ಡಿಪೆಂಡೆಂಟ್’ ಎಂಬ ಒಂದೇ ಪದದಲ್ಲಿದೆ. ನಮ್ಮ ಮನೆಗಳಲ್ಲಿ ಅವಲಂಬಿತರು ಎಂದರೆ ಮೊದಲು ನೆನಪಾಗುವುದು ವಯಸ್ಸಾದ ತಾಯಿತಂದೆ. ಇಎಸ್‌ಐ ಕಾರ್ಡಿನಲ್ಲಿ ಅವಲಂಬಿತ ತಾಯಿಯ ಹೆಸರು ಸೇರುತ್ತದೆ, ಅವರಿಗಾಗಿ ಕಟ್ಟಿದ ಆರೋಗ್ಯ ವಿಮೆಗೆ ಹಳೆಯ ಪದ್ಧತಿಯ ಆದಾಯ ತೆರಿಗೆಯಲ್ಲಿ ವಿನಾಯಿತಿಯಿದೆ. ಕೆನಡಾ, ಬ್ರಿಟನ್, ಆಸ್ಟ್ರೇಲಿಯಾಗಳ ಕೆಲಸದ ವೀಸಾ ಅರ್ಜಿಯಲ್ಲಿ ಅದೇ ಪದಕ್ಕೆ ಅರ್ಥವೇ ಬೇರೆ: ಗಂಡ ಅಥವಾ ಹೆಂಡತಿ, ಮತ್ತು ಮಕ್ಕಳು. ಕೆನಡಾದಲ್ಲಿ ಮಕ್ಕಳಿಗೂ 22 ವರ್ಷದೊಳಗೆ ಎಂಬ ಗೆರೆಯಿದೆ. ಹೊಸದಾಗಿ ಕೆಲಸಕ್ಕೆ ಹೋಗುವವನ ತಾಯಿಗೆ ಅಲ್ಲಿ ಕಾಲಮ್ಮೇ ಇಲ್ಲ. ಏಜೆಂಟ್ ಎಷ್ಟು ಜಾಣನಾದರೂ ಇಲ್ಲದ ಕಾಲಮ್ಮಿನಲ್ಲಿ ಹೆಸರು ಬರೆಯಲಾರ. ಆತ ಆ ಮಾತು ಕೊಟ್ಟಿದ್ದಾನೆಂದರೆ, ಒಂದೋ ಆತನಿಗೆ ಗೊತ್ತಿಲ್ಲ, ಇಲ್ಲವೇ ಚೆನ್ನಾಗಿ ಗೊತ್ತಿದೆ.

ಕೆನಡಾದ ಮಾತು ಮುಗಿಸಿಬಿಡೋಣ. ಅಲ್ಲಿ ತಾಯಿಯನ್ನು ಕರೆಸಿಕೊಳ್ಳುವ ಹಕ್ಕು ಹುಟ್ಟುವುದು ಮಗ ಕಾಯಂ ನಿವಾಸಿಯೋ ಪ್ರಜೆಯೋ ಆದಮೇಲೆ. ಆಗ ಸೂಪರ್ ವೀಸಾ ಎಂಬುದಿದೆ: ಒಮ್ಮೆ ಬಂದರೆ ಐದು ವರ್ಷದವರೆಗೆ ಇರಬಹುದು. ಅದಕ್ಕೆ ಮಗನಿಗೆ ನಿಗದಿತ ಕನಿಷ್ಠ ಆದಾಯ ಇರಬೇಕು, ತಾಯಿಯ ಹೆಸರಲ್ಲಿ ಕನಿಷ್ಠ ಒಂದು ವರ್ಷದ, ಒಂದು ಲಕ್ಷ ಕೆನಡಾ ಡಾಲರಿನ ವೈದ್ಯಕೀಯ ವಿಮೆ ಇರಬೇಕು. ಮೊದಲೇ ಇರುವ ಕಾಯಿಲೆಗೆ ಈ ವಿಮೆಗಳು ಸಾಮಾನ್ಯವಾಗಿ ‘ಇಂತಿಷ್ಟು ತಿಂಗಳಿಂದ ಸ್ಥಿರವಾಗಿರಬೇಕು’ ಎಂಬ ಷರತ್ತು ಹಾಕುತ್ತವೆ. ಹೊರಡುವ ಮೊದಲು ಡಾಕ್ಟರು ಇನ್ಸುಲಿನ್ ಪ್ರಮಾಣ ಬದಲಿಸಿದರೆ ಅದನ್ನೇ ನೆಪ ಮಾಡಿ ಕ್ಲೇಮು ತಳ್ಳಿಹಾಕುವುದುಂಟು.

ನೀವು ಕಾಯಂ ನಿವಾಸಿಯಾಗುವುದೂ ಸಲೀಸಲ್ಲ. ಕುಶಲ ಕಸುಬಿನವರಿಗಿರುವ ದಾರಿಯಲ್ಲಿ ಇಂಗ್ಲಿಷ್ ಅಂಕ ತೀರಾ ಹೆಚ್ಚೇನೂ ಕೇಳುವುದಿಲ್ಲ. ಕೇಳುವುದು ಕೆನಡಾದ ಮಾಲೀಕನಿಂದ ಕೆಲಸದ ಆಹ್ವಾನ, ಇಲ್ಲವೇ ಅಲ್ಲಿನ ಪ್ರಾಂತ್ಯ ಕೊಟ್ಟ ಕಸುಬಿನ ಪ್ರಮಾಣಪತ್ರ. ವರ್ಕ್ ಪರ್ಮಿಟ್ಟಿಗೆ ಬಹುಪಾಲು ‘ಎಲ್‌ಎಂಐಎ’ ಎಂಬ ಸರ್ಕಾರಿ ಅನುಮತಿ ಬೇಕು. ಅದರ ಶುಲ್ಕ 1,000 ಡಾಲರ್, ಕಟ್ಟಬೇಕಾದವನು ಮಾಲೀಕ. ಕೆಲಸಗಾರನಿಂದ ಅದನ್ನು ವಸೂಲು ಮಾಡುವುದು ಅಲ್ಲಿನ ಕಾನೂನಿಗೆ ವಿರುದ್ಧ. ‘ಎಲ್‌ಎಂಐಎ ಖರ್ಚು’ ಎಂದು ಯಾರಾದರೂ ನಿಮ್ಮಿಂದ ಲಕ್ಷ ಕೇಳಿದರೆ ಅಲ್ಲಿಗೇ ಎದ್ದು ಬನ್ನಿ.

ಉಳಿದ ದೇಶಗಳಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. ಬ್ರಿಟನ್ನಿನ ಕೇರ್ ವರ್ಕರ್ ವೀಸಾ ಎಂದು ಈಗಲೂ ಜಾಹೀರಾತು ಕೊಡುವವರಿದ್ದಾರೆ. ವಿದೇಶದಿಂದ ಆ ಕೆಲಸಕ್ಕೆ ಜನ ತರಿಸುವುದನ್ನು ಬ್ರಿಟನ್ 2025ರ ಜುಲೈ 22ಕ್ಕೆ ನಿಲ್ಲಿಸಿದೆ. ತಾಯಿಯನ್ನು ಕರೆಸಿಕೊಳ್ಳುವ ದಾರಿ ಅಲ್ಲಿ 2012ರಿಂದ ಸೂಜಿಕಣ್ಣಿನಷ್ಟು: ಆಕೆಗೆ ಬೇಕಾದ ಆರೈಕೆ ದುಡ್ಡು ಕೊಟ್ಟರೂ ಸ್ವದೇಶದಲ್ಲಿ ಸಿಗುವುದಿಲ್ಲ ಎಂದು ಸಾಬೀತು ಮಾಡಬೇಕು. ಹಾವೇರಿಯಲ್ಲಿ ಇನ್ಸುಲಿನ್ ಸಿಗುವುದಿಲ್ಲವೆಂದು ಯಾರೂ ನಂಬರು. ಹೆಚ್ಚು ಶುಲ್ಕ ಕಟ್ಟಿ ತಾಯಿತಂದೆಯನ್ನು ಕರೆಸುವ ಆಸ್ಟ್ರೇಲಿಯಾದ ಕಂಟ್ರಿಬ್ಯೂಟರಿ ಪೇರೆಂಟ್ ವೀಸಾಕ್ಕೆ ಶುಲ್ಕದ ಎರಡನೇ ಕಂತೇ ತಲೆಗೆ 43,600 ಆಸ್ಟ್ರೇಲಿಯಾ ಡಾಲರ್. ಅಗ್ಗದ ವೀಸಾದ ಸರದಿ ದಶಕಗಳ ಲೆಕ್ಕದ್ದು. ಅಮೆರಿಕದಲ್ಲಿ ತಾಯಿಗೆ ಅರ್ಜಿ ಹಾಕಬಲ್ಲವರು ಆ ದೇಶದ ಪ್ರಜೆಗಳು ಮಾತ್ರ.

ಇನ್ನು ದುಬೈ. ಗೆಳೆಯನ ಮಾತಿನಲ್ಲಿ ಕೆಟ್ಟ ಉದ್ದೇಶವೇನಿಲ್ಲ, ಆದರೆ ವಿಸಿಟ್ ವೀಸಾದಲ್ಲಿ ಹೋಗಿ ಸೈಟಿನಲ್ಲಿ ಕೆಲಸಕ್ಕೆ ನಿಂತರೆ ಅದು ಕಾನೂನುಬಾಹಿರ. ಸಂಬಳ ಕೊಡದಿದ್ದರೆ ದೂರು ಕೊಡಲು ನಿಮ್ಮ ಹೆಸರಲ್ಲಿ ಕರಾರೇ ಇರುವುದಿಲ್ಲ. ಹೋಗುವುದಾದರೆ ಆಫರ್ ಲೆಟರ್, ಆಮೇಲೆ ಎಂಪ್ಲಾಯ್ಮೆಂಟ್ ವೀಸಾ, ಆಮೇಲೆ ಟಿಕೆಟ್ಟು, ಈ ಕ್ರಮದಲ್ಲೇ ಹೋಗಬೇಕು. ಆಫರ್ ಲೆಟರಿನಲ್ಲಿ ಮೂಲ ವೇತನ ಎಷ್ಟು, ಭತ್ಯೆ ಎಷ್ಟು ಎಂದು ಬೇರೆಬೇರೆ ನೋಡಿ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯ ಲೆಕ್ಕ ಮೂಲ ವೇತನದ ಮೇಲೆ. 2,000 ದಿರ್ಹಮ್ ಎಂದು ಬಾಯಲ್ಲಿ ಹೇಳಿ ಕಾಗದದಲ್ಲಿ ಮೂಲ ವೇತನ 800 ಎಂದು ಬರೆಯುವುದು ಹಳೆಯ ಚಾಳಿ. ಅಲ್ಲಿನ ಕಾನೂನಿನಂತೆ ವೀಸಾ ಖರ್ಚು ಮಾಲೀಕನದು, ನಿಮ್ಮ ಪಾಸ್‌ಪೋರ್ಟು ಇಟ್ಟುಕೊಳ್ಳುವ ಹಕ್ಕೂ ಅವನಿಗಿಲ್ಲ.

ನೀವು ಎಸ್ಸೆಸ್ಸೆಲ್ಸಿ ಪಾಸಾಗಿರುವುದರಿಂದ ಪಾಸ್‌ಪೋರ್ಟಿನಲ್ಲಿ ‘ಇಸಿಆರ್’ (ಹೊರಡುವ ಮೊದಲು ವಲಸೆ ಅನುಮತಿ ಬೇಕು) ಎಂಬ ಮುದ್ರೆ ಇರಬಾರದು. ಇದ್ದರೆ ಅಂಕಪಟ್ಟಿ ಕೊಟ್ಟು ತೆಗೆಸಿ. ಏಜೆಂಟರ ಮೇಲಿನ ಕಟ್ಟುಪಾಡು ಹೇಗೂ ನಿಮಗೆ ಅನ್ವಯಿಸುತ್ತದೆ. ವಿದೇಶದ ಕೆಲಸಕ್ಕೆ ಜನ ಕಳಿಸುವವನು ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿತನಾಗಿರಬೇಕು. ಸರ್ಕಾರದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ಅವನ ಹೆಸರು, ಲೈಸೆನ್ಸ್ ಸಂಖ್ಯೆ, ಅವಧಿ ಎಲ್ಲ ಕಾಣುತ್ತವೆ. ಸೇವಾಶುಲ್ಕವಾಗಿ ಅವನು ಪಡೆಯಬಹುದಾದದ್ದು ನಲವತ್ತೈದು ದಿನದ ಸಂಬಳದಷ್ಟು, ಅದೂ 30,000 ರೂಪಾಯಿ ಮೀರದಂತೆ, ಮೇಲೆ ಜಿಎಸ್‌ಟಿ. ರಸೀದಿ ಕಡ್ಡಾಯ. ‘ನಮ್ಮ ಸಬ್ ಏಜೆಂಟ್’ ಎಂದು ಊರೂರಲ್ಲಿ ಕೂತಿರುವವರಿಗೆ ಕಾನೂನಿನಲ್ಲಿ ಜಾಗವಿಲ್ಲ.

ಅಮ್ಮನ ವಿಷಯಕ್ಕೆ ಬಂದರೆ, ಯುಎಇಯಲ್ಲಿ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು 4,000 ದಿರ್ಹಮ್ ಸಂಬಳ, ಅಥವಾ 3,000 ಜೊತೆಗೆ ವಸತಿ ಇದ್ದರೆ ಸಾಕು. ತಾಯಿತಂದೆಗೆ ಆ ಲೆಕ್ಕ ನಡೆಯದು. ಅಲ್ಲಿ ಕೇಳುವುದು ಐದಂಕಿ ಸಂಬಳ. ಜೊತೆಗೆ ತಾಯಿಗೆ ನೀವೊಬ್ಬರೇ ದಿಕ್ಕು ಎಂಬುದಕ್ಕೆ ದೃಢೀಕರಿಸಿದ ಪತ್ರ, ಠೇವಣಿ, ಆರೋಗ್ಯ ವಿಮೆ. ಇಬ್ಬರನ್ನೂ ಒಟ್ಟಿಗೇ ಕರೆಸಬೇಕೆಂಬ ನಿಯಮ ಇರುವುದರಿಂದ ತಂದೆಯ ಮರಣ ಪ್ರಮಾಣಪತ್ರವನ್ನೂ ದೃಢೀಕರಿಸಿ ಇಡಬೇಕು. ಇಷ್ಟಾಗಿ ಸಿಗುವುದು ವರ್ಷ ವರ್ಷ ನವೀಕರಿಸುವ ಅನುಮತಿ. ಎರಡು ಸಾವಿರ ದಿರ್ಹಮಿನ ಎಲೆಕ್ಟ್ರಿಷಿಯನ್ನಿಗೆ, ಒಂದು ಕೋಣೆಯಲ್ಲಿ ಆರು ಜನ ಮಲಗುವ ಕ್ಯಾಂಪಿನಲ್ಲಿರುವವನಿಗೆ, ಇದು ದಾರಿಯಲ್ಲ. ದುಬೈ ಎಂದರೆ ಒಬ್ಬರೇ ಹೋಗುವುದು, ಎರಡು ಮೂರು ವರ್ಷ ದುಡಿದು ಬರುವುದು. ಹಾಗೆ ಲೆಕ್ಕ ಹಾಕಿದರೆ ಅದು ಕೆಟ್ಟದ್ದೇನಲ್ಲ.

ನಿಮ್ಮ ಪತ್ರ ಓದುವಾಗ ನಮ್ಮ ಕಣ್ಣಿಗೆ ಬಿದ್ದದ್ದು ಜರ್ಮನಿ, ನೀವು ಆ ಹೆಸರೇ ಎತ್ತಿಲ್ಲ. 2024ರ ಜೂನ್ 1ರಿಂದ ಅಲ್ಲಿ ‘ಆಪರ್ಚುನಿಟಿ ಕಾರ್ಡ್’ ಇದೆ: ಒಂದು ವರ್ಷದವರೆಗೆ ಅಲ್ಲೇ ಇದ್ದು ಕೆಲಸ ಹುಡುಕಬಹುದು, ಹುಡುಕುವಾಗ ವಾರಕ್ಕೆ 20 ಗಂಟೆ ದುಡಿಯಬಹುದು. ಪದವಿಯೇ ಬೇಕೆಂದಿಲ್ಲ. ಸ್ವದೇಶದ ಸರ್ಕಾರ ಮಾನ್ಯ ಮಾಡಿದ, ಕನಿಷ್ಠ ಎರಡು ವರ್ಷದ ಕಸುಬಿನ ತರಬೇತಿ ಸಾಕು. ನಿಮ್ಮ ಟ್ರೇಡು ಎರಡು ವರ್ಷದ್ದು. ವೆಲ್ಡರ್, ಪ್ಲಂಬರ್‌ನಂಥ ಒಂದು ವರ್ಷದ ಐಟಿಐ ಮಾಡಿದವರಿಗೆ ಈ ಬಾಗಿಲು ಇಲ್ಲ. ತರಬೇತಿಯ ಮಾನ್ಯತೆಯನ್ನು ಬಾನ್ ನಗರದಲ್ಲಿರುವ ‘ಝಡ್‌ಎಬಿ’ ಕಚೇರಿಯಿಂದ ದೃಢಪಡಿಸಿಕೊಳ್ಳಬೇಕು. ಆಮೇಲೆ ಆರು ಪಾಯಿಂಟ್ ಕೂಡಬೇಕು. ನಿಮ್ಮದನ್ನೇ ಎಣಿಸೋಣ: ವಯಸ್ಸು 35 ದಾಟಿಲ್ಲ, 2. ಕಳೆದ ಏಳು ವರ್ಷದಲ್ಲಿ ಐದು ವರ್ಷದ ಅನುಭವ, 3. ಜರ್ಮನ್ ಭಾಷೆ ಎ2 ಮಟ್ಟ (ಸರಳ ಮಾತುಕತೆಯಷ್ಟು), 1. ಸರಿಯಾಗಿ ಆರು. ಆದರೆ 35 ದಾಟಿದ ಮೇಲೆ ವಯಸ್ಸಿಗೆ ಸಿಗುವುದು ಒಂದೇ, ಆಗ ಭಾಷೆಯನ್ನು ಮುಂದಿನ ಮಟ್ಟವಾದ ಬಿ1ಕ್ಕೆ ಏರಿಸಬೇಕು.

ಇದರಲ್ಲಿ ಎಡವುವ ಕಡೆ ಎರಡು. ಒಂದು, ಅನುಭವಕ್ಕೆ ಪುರಾವೆ. ಕಂಟ್ರಾಕ್ಟರ್ ಕೈಗೆ ನಗದು ಕೊಡುತ್ತಿದ್ದರೆ ಒಂಬತ್ತು ವರ್ಷವೂ ಕಾಗದದಲ್ಲಿ ಸೊನ್ನೆ. ಲೆಟರ್‌ಹೆಡ್‌ನಲ್ಲಿ ಸೇರಿದ ದಿನ, ಮಾಡಿದ ಕೆಲಸದ ವಿವರ, ಸಂಬಳ ಬರೆಸಿಕೊಳ್ಳಿ. ಪಿಎಫ್ ಪಾಸ್‌ಬುಕ್, ಬ್ಯಾಂಕಿಗೆ ಬಂದ ಸಂಬಳ ಇದ್ದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಸಂಬಳವನ್ನು ಬ್ಯಾಂಕಿಗೇ ಹಾಕಿ ಎಂದು ಈ ತಿಂಗಳಿಂದಲೇ ಕೇಳಿ. ಎರಡು, ದುಡ್ಡು. ತಿಂಗಳಿಗೆ 1,091 ಯೂರೋದಂತೆ (2025ರ ಲೆಕ್ಕ) ವರ್ಷಕ್ಕೆ 13,092 ಯೂರೋ, ಅಂದರೆ ಸುಮಾರು ಹದಿಮೂರು ಲಕ್ಷ ರೂಪಾಯಿ, ಬ್ಲಾಕ್ಡ್ ಅಕೌಂಟಿನಲ್ಲಿ ತೋರಿಸಬೇಕು. ಅದು ಶುಲ್ಕವಲ್ಲ, ನಿಮ್ಮದೇ ಹಣ, ತಿಂಗಳು ತಿಂಗಳು ನಿಮಗೇ ವಾಪಸ್ ಬರುತ್ತದೆ. ಆದರೂ ಮೊದಲು ಕೈಯಲ್ಲಿರಬೇಕು. ಇದಕ್ಕೂ ಹೊಲದ ಕಡೆ ನೋಡಬೇಡಿ. ಗಲ್ಫಿನಲ್ಲಿ ಕೆಲವು ವರ್ಷ ದುಡಿದು ಕೂಡಿಟ್ಟು, ರಾತ್ರಿ ಹೊತ್ತು ಜರ್ಮನ್ ಕಲಿತು ಹೋಗುವ ದಾರಿ ಉದ್ದದ್ದಾದರೂ ಸಾಲವಿಲ್ಲದ್ದು. ಆಗ ನಿಮಗೆ 35 ದಾಟಿರಬಹುದು, ಬಿ1ಕ್ಕೆ ಗುರಿಯಿಡಿ. ಮಟ್ಟದ ಪರೀಕ್ಷೆಗಳನ್ನು ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲೇ ಬರೆಯಬಹುದು.

ಅಲ್ಲಿ ಕುಶಲ ಕೆಲಸಗಾರನೆಂಬ ವಾಸ್ತವ್ಯ ಪರವಾನಗಿ ಸಿಕ್ಕರೆ ಅಮ್ಮನ ಪ್ರಶ್ನೆ ಮೊದಲ ಬಾರಿಗೆ ನಿಜವಾಗಿ ಏಳುತ್ತದೆ. 2024ರ ಮಾರ್ಚ್ 1ರಂದು ಅಥವಾ ನಂತರ ಮೊದಲ ಸಲ ಅಂಥ ಪರವಾನಗಿ ಪಡೆದವರು ತಾಯಿತಂದೆಯನ್ನು ಕರೆಸಿಕೊಳ್ಳಬಹುದು ಎಂದು ಜರ್ಮನಿ ಕಾನೂನು ಬದಲಿಸಿದೆ. ಕಾಗದದ ಮೇಲೆ ಚೆಂದ. ನೆಲದ ಮೇಲೆ ವಿಮೆ ಅಡ್ಡ ಬರುತ್ತದೆ. ನಿಮ್ಮ ಸರ್ಕಾರಿ ಆರೋಗ್ಯ ವಿಮೆಯಲ್ಲಿ ಹೆಂಡತಿ ಮಕ್ಕಳು ಸೇರುತ್ತಾರೆ, ತಾಯಿ ಸೇರುವುದಿಲ್ಲ. ಪ್ರವಾಸದ ವಿಮೆ ಒಪ್ಪುವುದಿಲ್ಲ, ಸರ್ಕಾರಿ ವಿಮೆಗೆ ಸಮನಾದದ್ದೇ ಬೇಕು. 66 ವಯಸ್ಸಿನ, ಇನ್ಸುಲಿನ್ ತೆಗೆದುಕೊಳ್ಳುವ ಒಬ್ಬರಿಗೆ ಖಾಸಗಿ ಕಂಪನಿಗಳು ಒಂದೋ ಬಾಗಿಲು ಹಾಕುತ್ತವೆ, ಇಲ್ಲವೇ ನಿಮ್ಮ ಸಂಬಳದ ದೊಡ್ಡ ಪಾಲು ಕೇಳುತ್ತವೆ. ವಿಮೆಯ ಲಿಖಿತ ಕೊಟೇಶನ್ ಕೈಗೆ ಬರುವವರೆಗೆ ಅಮ್ಮನಿಗೆ ಆಸೆ ಹುಟ್ಟಿಸಬೇಡಿ. ಪ್ರವಾಸದ ವೀಸಾದಲ್ಲಾದರೆ 180 ದಿನಕ್ಕೆ 90 ದಿನ ಬಂದು ಹೋಗಬಹುದು.

ಹಾಗಾಗಿ ಎಲ್ಲಿಗೇ ಹೋಗಿ, ಮೊದಲ ಮೂರು ನಾಲ್ಕು ವರ್ಷ ಅಮ್ಮ ಊರಲ್ಲೇ ಇರುತ್ತಾರೆ. ‘ಬಿಟ್ಟು ಹೋಗಲಾರೆ’ ಎಂಬ ಮಾತು ಗಟ್ಟಿಯಾದರೆ ಹೋಗುವ ಯೋಚನೆ ಬಿಡಿ, ಅದರಲ್ಲಿ ನಾಚಿಕೆಯೇನಿಲ್ಲ. ಹೋಗುವುದೇ ಆದರೆ ಸಿದ್ಧತೆ ವೀಸಾದಿಂದಲ್ಲ, ಅಡುಗೆಮನೆಯ ಫ್ರಿಜ್ಜಿನಿಂದ ಶುರುವಾಗಬೇಕು.

ಈಗ ಸೂಜಿ ಚುಚ್ಚುವವರು ನೀವೇ ಅಲ್ಲವೇ? ನಾಳೆ ಆ ಕೆಲಸ ಮಾಡುವವರು ಯಾರು? ಇಲ್ಲಿ ಆಗುವ ತಪ್ಪು ಪ್ರಾಣಕ್ಕೆ ಬರುವಂಥದ್ದು. ನಮ್ಮ ಮೆಡಿಕಲ್ ಶಾಪುಗಳಲ್ಲಿ ಸಿಗುವ ಇನ್ಸುಲಿನ್ ಬಾಟಲಿ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್‌ನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಕಿತ್ತಳೆ ಮುಚ್ಚಳದ ಸಿರಿಂಜು 100 ಯೂನಿಟ್‌ನದಕ್ಕೆ. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಹೋಗುವುದು 8 ಯೂನಿಟ್ ಮಾತ್ರ. ತಿರುಗಾಮುರುಗಾ ಆಗಿ 100ರ ಬಾಟಲಿಯಿಂದ ಕೆಂಪು ಸಿರಿಂಜಿನಲ್ಲಿ ಎಳೆದರೆ 20ರ ಬದಲು 50 ಹೋಗುತ್ತದೆ, ಸಕ್ಕರೆ ಇಳಿದು ಪ್ರಜ್ಞೆ ತಪ್ಪುತ್ತದೆ. ಹೊರದೇಶಗಳಲ್ಲಿ ಸಿಗುವುದು ಬಹುತೇಕ 100ರದೇ, ಮುಂದೆ ಅಮ್ಮ ನಿಮ್ಮಲ್ಲಿಗೆ ಬಂದು ಹೋದಾಗಲೂ ಈ ಎಚ್ಚರ ಬೇಕು. ಡಾಕ್ಟರನ್ನು ಕೇಳಿ ಇನ್ಸುಲಿನ್ ಪೆನ್ನಿಗೆ ಬದಲಿಸಿದರೆ ಈ ಗೊಂದಲ ಬಹಳ ಮಟ್ಟಿಗೆ ತಪ್ಪುತ್ತದೆ.

ಆಮೇಲೆ ಒಂದು ಪರೀಕ್ಷೆ ಮಾಡಿ. ಇಡೀ ಒಂದು ತಿಂಗಳು ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಕೆಲಸ ಹಿಡಿದು ಊರಿಂದ ಹೊರಗಿರಿ, ಮಧ್ಯೆ ಬರಬೇಡಿ. ಇನ್ಸುಲಿನ್ ಯಾವತ್ತು ತಪ್ಪಿತು, ಫೋನು ಯಾವತ್ತು ಎತ್ತಲಿಲ್ಲ, ರಾತ್ರಿ ಹೊತ್ತು ಯಾರು ಬಂದರು ಎಂಬುದೆಲ್ಲ ಆ ತಿಂಗಳಲ್ಲೇ ಗೊತ್ತಾಗುತ್ತದೆ. ತಂಗಿಯ ಮನೆಯಲ್ಲಿ ಇರಿಸುವುದಾದರೆ ಆ ಮಾತನ್ನು ತಂಗಿಯ ಗಂಡನ ಎದುರಲ್ಲೇ ಆಡಿ, ತಿಂಗಳ ಖರ್ಚಿಗೆ ಇಂತಿಷ್ಟು ಎಂದು ಮೊದಲೇ ಗೊತ್ತುಮಾಡಿ. ಹೊಲ ಇನ್ನೂ ಅಪ್ಪನ ಹೆಸರಲ್ಲಿದ್ದರೆ ಪೌತಿ ಖಾತೆ ಮುಗಿಸಿಯೇ ಹೊರಡಿ.

ಅಮ್ಮನಿಗೂ ಈಗಲೇ ಪಾಸ್‌ಪೋರ್ಟ್ ಮಾಡಿಸಿ. ನಮ್ಮ ಕಡೆಯ ಎಷ್ಟೋ ಹೆಂಗಸರಿಗೆ ಆಧಾರಿನಲ್ಲಿ ಒಂದೇ ಹೆಸರಿರುತ್ತದೆ, ಮುಂದೆ ಇನಿಷಿಯಲ್ಲೂ ಇರುವುದಿಲ್ಲ. 2022ರ ನವೆಂಬರಿನಿಂದ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಕೊಡುವುದಿಲ್ಲ. ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಒಪ್ಪುತ್ತದೆ. ಅರ್ಜಿ ಹಾಕುವ ಮೊದಲೇ ಆಧಾರಿನಲ್ಲಿ ಎರಡನೇ ಹೆಸರು ಸೇರಿಸಿಕೊಂಡರೆ ಮುಂದಿನ ಓಡಾಟ ಉಳಿಯುತ್ತದೆ.

ಕೊನೆಗೆ ನಿಮ್ಮ 25,000. ಅದಕ್ಕೂ ಮೊದಲು ಪಾಸ್‌ಪೋರ್ಟ್ ವಾಪಸ್ ಪಡೆಯಿರಿ. ಹಣದ ಜಗಳ ತೆಗೆದರೆ ಅದನ್ನೇ ಒತ್ತೆ ಇಟ್ಟುಕೊಳ್ಳುತ್ತಾನೆ. ‘ಬ್ಯಾಂಕಿನಲ್ಲಿ ಕೆವೈಸಿಗೆ ಬೇಕು’ ಎಂದು ಕೇಳಿ, ಸುಳ್ಳೇನಲ್ಲ. ಕೈಗೆ ಬಂದ ಮೇಲೆ ಅವನ ಲೈಸೆನ್ಸ್ ಸಂಖ್ಯೆಯನ್ನು ವಾಟ್ಸಾಪಿನಲ್ಲಿ ಕೇಳಿ, ಉತ್ತರ ಬಂದರೂ ಬರದಿದ್ದರೂ ಸ್ಕ್ರೀನ್‌ಶಾಟ್ ಇಡಿ. ಹಣ ಕಳಿಸಿದ ದಿನಾಂಕ, ವಹಿವಾಟಿನ ಸಂಖ್ಯೆ ಬರೆದು ಹದಿನೈದು ದಿನದೊಳಗೆ ವಾಪಸ್ ಕೊಡಬೇಕೆಂದು ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಿ. ಕೊಡದಿದ್ದರೆ ಅದರ ನಕಲನ್ನು ನಿಮ್ಮ ಠಾಣೆಗೂ, ವಲಸೆ ಹೋಗುವವರ ಹಿತ ಕಾಯುವ ಬೆಂಗಳೂರಿನ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಕಚೇರಿಗೂ ಕೊಡಿ. ಲೈಸೆನ್ಸ್ ಇಲ್ಲದೆ ಜನ ಕಳಿಸುವ ದಂಧೆ ಮಾಡುವುದು 1983ರ ವಲಸೆ ಕಾಯ್ದೆಯಡಿ ಅಪರಾಧ ಎಂಬ ಒಂದು ಸಾಲು ಆ ಪತ್ರದಲ್ಲಿರಲಿ. ಅಷ್ಟಕ್ಕೇ ಹಣ ಹಿಂದಿರುಗಿಸುವವರೂ ಉಂಟು.