ವಾಪಸ್ ಮಾಡಬಹುದು ಅನ್ನುವ ಧೈರ್ಯ

ಡೊಂಬಿವಲಿಯ ಓದುಗರೊಬ್ಬರು ಬರೆದಿದ್ದಾರೆ: 'ವರಮಹಾಲಕ್ಷ್ಮಿ ಹಬ್ಬಕ್ಕೆ ಆನ್‌ಲೈನ್‌ನಲ್ಲಿ ಸೀರೆ ತರಿಸಿದೆ. ಫೋಟೋದಲ್ಲಿ ಗಿಳಿಹಸಿರು, ಬಂದದ್ದು ಪಾಚಿ ಬಣ್ಣ. 7 ದಿನದಲ್ಲಿ ವಾಪಸ್ ಮಾಡಬಹುದು ಅಂತ ಇತ್ತು, ಅದನ್ನು ನೋಡಿಯೇ ಕೊಂಡೆ. ಈಗ ದುಡ್ಡು ಕೊಡೋದಿಲ್ಲ, ಬೇರೆ ಸೀರೆ ತಗೊಳ್ಳಿ ಅಂತಾರೆ. ಆ ಒಂದು ಸಾಲು ನಂಬಿ ತಪ್ಪು ಮಾಡಿದೆನಾ?'

ಅಕ್ಕಾ, ನಮಸ್ಕಾರ. ಖಂಡಿತ ತಪ್ಪು ಮಾಡಿಲ್ಲ. ಮಾಟುಂಗಾದ ಅಂಗಡಿಯಲ್ಲಾದರೆ ನೀವು ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಿದ್ದಿರಿ. ಸೆರಗು ಬಿಡಿಸಿ ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದಿರಿ. ಫೋನಿನಲ್ಲಿ ಇದ್ಯಾವುದೂ ಆಗುವುದಿಲ್ಲ. ಹಾಗಾಗಿ ಕೈಯಲ್ಲಿ ಮುಟ್ಟಿ ತಿಳಿಯಬೇಕಾದದ್ದನ್ನು ನಾವು ಆ ಸಾಲಿನಿಂದ ಊಹಿಸಿಕೊಳ್ಳುತ್ತೇವೆ. ಕೆಟ್ಟ ಮಾಲು ಮಾರುವವರು ವಾಪಸ್ ತಗೊಳ್ಳೋಕೆ ಒಪ್ಪುತ್ತಾರಾ ಅಂತ ನಮ್ಮ ಲೆಕ್ಕ. ಹೆಸರೇ ಕೇಳದ ಅಂಗಡಿಯೂ ಆಗ ನಂಬಿಕಸ್ತ ಅನ್ನಿಸುತ್ತದೆ.

ಮಾರುವವರಿಗೂ ಇದು ಗೊತ್ತು. ಹಿಂದಿನ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಸಂಶೋಧನೆಯೊಂದು 2016ರಲ್ಲಿ ಬಂತು. ವಾಪಸಾತಿ ನಿಯಮ ಸಡಿಲವಾದರೆ ವಾಪಸ್ ಬರುವುದಕ್ಕಿಂತ ಕೊಳ್ಳುವುದೇ ಜಾಸ್ತಿ ಹೆಚ್ಚುತ್ತದೆ ಅಂತ ಅದರಲ್ಲಿ ಕಂಡಿತು. ಗಡುವು ಉದ್ದವಾದರಂತೂ ವಾಪಸ್ ಬರುವುದು ಕಡಿಮೆಯೇ ಆಗುತ್ತದಂತೆ. ನಮ್ಮ ಮನೆಗಳಲ್ಲೂ ಹಾಗೇ ಅಲ್ವಾ? ನಾಳೆ ಕಳಿಸಿದರಾಯ್ತು ಅಂತ ಪೊಟ್ಟಣ ಕಪಾಟು ಸೇರುತ್ತದೆ. ಎರಡು ವಾರ ಕಳೆದರೆ ಅದು ನಮ್ಮದೇ ಅನ್ನಿಸಿಬಿಡುತ್ತದೆ.

ಇನ್ನು ನಿಮ್ಮ ಸೀರೆ. ಕೆಲವರು ದುಡ್ಡು ವಾಪಸ್ ಕೊಡುತ್ತಾರೆ, ಕೆಲವರು ಮಾಲು ಮಾತ್ರ ಬದಲಿಸುತ್ತಾರೆ. ಮನಸ್ಸು ಬದಲಾಯಿತು ಅಂತ ಹಿಂತಿರುಗಿಸುವವರಿಗೆ ಆ ಅಂಗಡಿಯ ನಿಯಮವೇ ಕೊನೆ. ನಿಮ್ಮದು ಹಾಗಲ್ಲ. ತೋರಿಸಿದ್ದೊಂದು, ಕಳಿಸಿದ್ದೊಂದು. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದ ಮಾಲನ್ನು ವಾಪಸ್ ತಗೊಳ್ಳೋದಿಲ್ಲ, ದುಡ್ಡು ಕೊಡೋದಿಲ್ಲ ಅನ್ನುವಂತಿಲ್ಲ. ಬಣ್ಣ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು ಅಂತ ಅವರು ಸಣ್ಣಕ್ಷರದಲ್ಲಿ ಬರೆದಿರಬಹುದು. ಗಿಳಿಹಸಿರು ಪಾಚಿಯಾಗುವುದು ಸ್ವಲ್ಪವಲ್ಲ.

ಸೀರೆಯನ್ನು ಹಗಲು ಬೆಳಕಿನಲ್ಲಿ ಫೋಟೋ ತೆಗೆಯಿರಿ. ಅವರ ಫೋಟೋ ಜೊತೆಗಿಟ್ಟು, ಆ ಕಂಪನಿಯ ದೂರು ಅಧಿಕಾರಿಗೆ ಇವತ್ತೇ ಬರೆಯಿರಿ. 48 ಗಂಟೆಯೊಳಗೆ ದೂರು ತಲುಪಿದೆ ಅಂತ ಅವರು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆಗಲಿಲ್ಲವೆಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದಕ್ಕೂ ಬಗ್ಗದಿದ್ದರೆ ನಿಮ್ಮ ಠಾಣೆ ಜಿಲ್ಲೆಯ ಗ್ರಾಹಕ ಆಯೋಗವಿದೆ. ಮಾರಿದವರು ಯಾವ ಊರಿನಲ್ಲೇ ಇರಲಿ, ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ.

ಅಲ್ಲಿಯವರೆಗೆ ಸೀರೆಗೆ ಫಾಲ್ ಹಾಕಿಸಬೇಡಿ, ಚೀಟಿ ಕೀಳಬೇಡಿ.