ಅಧ್ಯಕ್ಷರು ಇಸ್ಲಾಮನ್ನು ಹೊಗಳಿದರೆ ಯೇಸುವನ್ನು ಅಲ್ಲಗಳೆದಂತೆಯೇ?

ಪ್ರಶ್ನೆ: ನಾನು ಹುಬ್ಬಳ್ಳಿಯವಳು. ಹನ್ನೆರಡು ವರ್ಷಗಳಿಂದ ಕುಟುಂಬದೊಂದಿಗೆ ಅಮೆರಿಕದ ಟೆಕ್ಸಾಸ್‌ನಲ್ಲಿದ್ದೇನೆ. ನಮ್ಮ ಬೈಬಲ್ ಅಧ್ಯಯನದ ಗುಂಪಿನಲ್ಲಿ ಮೊನ್ನೆ ಒಂದು ಸಣ್ಣ ವಿಡಿಯೊ ತೋರಿಸಿದರು. ಒಂದು ತುಣುಕಿನಲ್ಲಿ ಜಾರ್ಜ್ ಬುಷ್ 2001ರಲ್ಲಿ ‘ಇಸ್ಲಾಂ ಎಂದರೆ ಶಾಂತಿ’ ಎನ್ನುತ್ತಾರೆ. ಇನ್ನೊಂದರಲ್ಲಿ ಒಬಾಮ 2012ರಲ್ಲಿ ‘ಇಸ್ಲಾಮಿನ ಪ್ರವಾದಿಯನ್ನು ನಿಂದಿಸುವವರದಾಗಬಾರದು ಭವಿಷ್ಯ’ ಎನ್ನುತ್ತಾರೆ. ಕ್ರೈಸ್ತರೆನಿಸಿಕೊಂಡ ನಾಯಕರು ಹೀಗೆ ಮಾತನಾಡುವುದು ಯೇಸುವನ್ನೇ ಅಲ್ಲಗಳೆದಂತೆ ಎಂದು ಗುಂಪಿನ ಹಿರಿಯರು ಹೇಳಿದರು. ನಮ್ಮ ಪಕ್ಕದ ಮನೆಯವರು ಹೈದರಾಬಾದಿನ ಮುಸ್ಲಿಮರು. ಅವರ ಮಕ್ಕಳೂ ನಮ್ಮ ಮಕ್ಕಳೂ ಒಟ್ಟಿಗೆ ಶಾಲೆಯ ಬಸ್ಸಿಗೆ ಕಾಯುತ್ತಾರೆ. ಹಿರಿಯರಿಗೆ ಏನು ಹೇಳಬೇಕೆಂದು ನನಗೆ ತೋಚಲಿಲ್ಲ. ಈ ವಿಷಯದಲ್ಲಿ ಕ್ರೈಸ್ತ ನಿಲುವು ಯಾವುದು?

ಉತ್ತರ: ಮೊದಲು ಆ ಎರಡನೆಯ ತುಣುಕಿನ ವಿಷಯ ಹೇಳಿಬಿಡುತ್ತೇನೆ. ಅದನ್ನು ಯಾರೋ ಅರ್ಧಕ್ಕೆ ಕತ್ತರಿಸಿದ್ದಾರೆ.

ಒಬಾಮ ವಿಶ್ವಸಂಸ್ಥೆಯಲ್ಲಿ ಆ ಭಾಷಣ ಮಾಡಿದ್ದು 2012ರ ಸೆಪ್ಟೆಂಬರ್ 25ರಂದು. ಪ್ರವಾದಿಯನ್ನು ಹೀಗಳೆದ ಒಂದು ಕೀಳು ಅಭಿರುಚಿಯ ವಿಡಿಯೊದಿಂದಾಗಿ ಹಲವು ದೇಶಗಳಲ್ಲಿ ಬೀದಿಗಳು ಹೊತ್ತಿ ಉರಿಯುತ್ತಿದ್ದವು. ಲಿಬಿಯಾದ ಬೆಂಗಾಜಿಯಲ್ಲಿ ಅಮೆರಿಕದ ರಾಯಭಾರಿಯ ಹತ್ಯೆಯಾಗಿ ಎರಡೇ ವಾರವಾಗಿತ್ತು. ‘ಭವಿಷ್ಯ ಇಂಥವರದಾಗಬಾರದು’ ಎಂಬ ಮಾತು ಆ ಭಾಷಣದಲ್ಲಿ ಪಲ್ಲವಿಯಂತೆ ಮತ್ತೆ ಮತ್ತೆ ಬರುತ್ತದೆ. ಪ್ರವಾದಿಯ ಪ್ರಸ್ತಾಪಕ್ಕಿಂತ ಮೊದಲೇ, ಭವಿಷ್ಯ ಈಜಿಪ್ಟಿನ ಕೋಪ್ಟಿಕ್ ಕ್ರೈಸ್ತರನ್ನು ಗುರಿಯಾಗಿಸುವವರದಾಗಬಾರದು ಎಂದು ಅವರು ಹೇಳಿದ್ದರು. ಪ್ರವಾದಿಯ ಮಾತು ಮುಗಿದ ಮರುಕ್ಷಣವೇ ಇನ್ನೊಂದು ವಾಕ್ಯ ಸೇರಿಸಿದರು: ಆ ನಿಂದೆಯನ್ನು ಖಂಡಿಸುವವರ ಮಾತಿಗೆ ಬೆಲೆ ಬರಬೇಕಾದರೆ, ಯೇಸುವಿನ ಚಿತ್ರಕ್ಕೆ ಆಗುವ ಅವಮಾನವನ್ನೂ ಚರ್ಚುಗಳ ನಾಶವನ್ನೂ ಯೆಹೂದ್ಯರ ನರಮೇಧ ನಡೆದೇ ಇಲ್ಲ ಎನ್ನುವ ಸುಳ್ಳನ್ನೂ ಅವರು ಖಂಡಿಸಬೇಕು. ಆ ವಿಡಿಯೊವನ್ನು ನಿಷೇಧಿಸಲು ತಮ್ಮ ದೇಶದ ಕಾನೂನು ಬಿಡುವುದಿಲ್ಲ ಏಕೆ ಎಂಬುದನ್ನೂ ಮುಸ್ಲಿಂ ದೇಶಗಳ ಪ್ರತಿನಿಧಿಗಳ ಮುಂದೆಯೇ ವಿವರಿಸಿದರು. ನಿಮ್ಮ ಗುಂಪು ನೋಡಿದ್ದು ಇಷ್ಟರಲ್ಲಿ ಒಂದೇ ಒಂದು ಸಾಲು.

ಒಬಾಮ ಅವರ ರಾಜಕೀಯ ನಿಮಗೆ ಹಿಡಿಸಬೇಕೆಂದೇನೂ ಇಲ್ಲ. ಆದರೆ ಸುಳ್ಳುಸಾಕ್ಷಿ ಹೇಳಬಾರದು ಎಂಬ ಆಜ್ಞೆ ನಮಗಿದೆ. ಬಹುಪಾಲು ಪ್ರೊಟೆಸ್ಟೆಂಟರ ಎಣಿಕೆಯಲ್ಲಿ ಅದು ಒಂಬತ್ತನೆಯದು, ಕಥೋಲಿಕರ ಎಣಿಕೆಯಲ್ಲಿ ಎಂಟನೆಯದು. ಒಬ್ಬ ಮನುಷ್ಯನ ಮಾತಿನ ಹಿಂದುಮುಂದನ್ನು ಕತ್ತರಿಸಿ, ಕೋಪ್ಟರ ಪರವಾಗಿ ನುಡಿದವನನ್ನು ಕ್ರೈಸ್ತದ್ರೋಹಿಯೆಂದು ಬೈಬಲ್ ಅಧ್ಯಯನದಲ್ಲಿ ತೋರಿಸುವುದು ಈ ಆಜ್ಞೆಯ ಉಲ್ಲಂಘನೆಯಲ್ಲದೆ ಬೇರೇನು? ನಿಮ್ಮ ಹಿರಿಯರು ಬೇಕೆಂದೇ ಮಾಡಿದ್ದಾರೆ ಎನ್ನುವುದಿಲ್ಲ. ಯಾರೋ ಕಳಿಸಿದ್ದನ್ನು ನಂಬಿ ತೋರಿಸಿರಬಹುದು. ಆದರೂ ತಿದ್ದಿಕೊಳ್ಳುವ ಹೊಣೆ ಅವರದೇ.

ಇನ್ನು ಬುಷ್ ಅವರ ಮಾತು. ನ್ಯೂಯಾರ್ಕಿನ ಅವಳಿ ಗೋಪುರಗಳು ಕುಸಿದ ಆರನೆಯ ದಿನ, ಅಂದರೆ 2001ರ ಸೆಪ್ಟೆಂಬರ್ 17ರಂದು, ಅವರು ವಾಷಿಂಗ್ಟನ್ನಿನ ಇಸ್ಲಾಮಿಕ್ ಸೆಂಟರ್‌ಗೆ ಹೋದರು. ಅದಕ್ಕೆ ಎರಡು ದಿನ ಮೊದಲು ಅರಿಜೋನಾದ ಮೇಸಾ ಪಟ್ಟಣದಲ್ಲಿ ಬಲ್ಬೀರ್ ಸಿಂಗ್ ಸೋಢಿ ಎಂಬ ಪಂಜಾಬಿ ಸಿಖ್ಖರು ತಮ್ಮ ಪೆಟ್ರೋಲ್ ಬಂಕಿನ ಮುಂದೆ ಹೂವಿನ ಗಿಡ ನೆಡುವ ಕೆಲಸದಲ್ಲಿದ್ದಾಗ ಒಬ್ಬಾತ ಬಂದು ಗುಂಡಿಟ್ಟು ಕೊಂದಿದ್ದ. ರುಮಾಲು ಮತ್ತು ಗಡ್ಡ ಕಂಡು ಇವರೂ ಮುಸ್ಲಿಮರೇ, ಶತ್ರುಗಳೇ ಎಂದುಕೊಂಡಿದ್ದ. ದೇಶದ ಗಾಳಿಯೇ ಹಾಗಿತ್ತು. ಅಂಥ ಹೊತ್ತಿನಲ್ಲಿ ಬುಷ್ ಮಸೀದಿಯಲ್ಲಿ ನಿಂತು, ಭಯೋತ್ಪಾದನೆಯ ಮುಖ ಇಸ್ಲಾಮಿನ ನಿಜವಾದ ವಿಶ್ವಾಸವಲ್ಲ, ಇಸ್ಲಾಂ ಎಂದರೆ ಶಾಂತಿ ಎಂದರು. ಅದೇ ಭಾಷಣದ ಮತ್ತೊಂದು ಮಾತು ನನಗೆ ಇನ್ನೂ ಮುಖ್ಯ. ತಲೆಗೆ ವಸ್ತ್ರ ಹೊದ್ದ ತಾಯಂದಿರು ಮನೆಯಿಂದ ಹೊರಗೆ ಕಾಲಿಡಲು ಅಮೆರಿಕದಲ್ಲಿ ಹೆದರುವಂತಾಗಬಾರದು ಎಂದು ಅವರು ಹೇಳಿದರು.

‘ಇಸ್ಲಾಂ ಎಂದರೆ ಶಾಂತಿ’ ಎಂಬ ವಾಕ್ಯವನ್ನು ಧರ್ಮಶಾಸ್ತ್ರದ ಪರೀಕ್ಷೆಯಲ್ಲಿ ಬರೆದಿದ್ದರೆ ನಾನು ಪೂರ್ತಿ ಅಂಕ ಕೊಡುತ್ತಿರಲಿಲ್ಲ. ಸಾವಿರದ ನಾನೂರು ವರ್ಷಗಳ ಒಂದು ಧರ್ಮವನ್ನು ಮೂರು ಪದಗಳಲ್ಲಿ ಕಟ್ಟಿಡಲು ಯಾರಿಗೂ ಆಗದು, ಮುಸ್ಲಿಮರಿಗೂ ಆಗದು. ಆದರೆ ಅದು ಪರೀಕ್ಷೆಯಾಗಿರಲಿಲ್ಲ. ಅಧಿಕಾರಿಯ ಕೆಲಸವೇನೆಂದು ಪೌಲನು ರೋಮಾಪುರದವರಿಗೆ ಬರೆದ ಪತ್ರದ ಹದಿಮೂರನೆಯ ಅಧ್ಯಾಯದಲ್ಲಿದೆ. ಒಳ್ಳೆಯದನ್ನು ಮಾಡುವವರಿಗೆ ಅವನಿಂದ ಭಯವಿರಬಾರದು, ಕೆಟ್ಟದ್ದನ್ನು ಮಾಡುವವರಿಗೆ ಇರಬೇಕು. ಅಂದು ಬುಷ್ ಮಾಡಿದ್ದು ಆ ಕೆಲಸ. ಅದರಲ್ಲಿ ಯೇಸುವಿನ ನಿರಾಕರಣೆ ನನಗೆ ಕಾಣುವುದಿಲ್ಲ.

ಎಲ್ಲ ಕ್ರೈಸ್ತರೂ ಹೀಗೆ ಕಾಣಲಿಲ್ಲ ಎಂಬುದೂ ನಿಜ. ಬುಷ್ ಅವರಿಗೆ ಆಪ್ತರಾಗಿದ್ದ ಇವಾಂಜೆಲಿಕಲ್ ಬೋಧಕ ಫ್ರಾಂಕ್ಲಿನ್ ಗ್ರಹಾಂ ಅದೇ ವರ್ಷ ಇಸ್ಲಾಮನ್ನು ದುಷ್ಟ ಧರ್ಮವೆಂದರು. ಮುಂದೆ 2003ರ ನವೆಂಬರ್‌ನಲ್ಲಿ ಬುಷ್ ಲಂಡನ್ನಿನಲ್ಲಿ, ಕ್ರೈಸ್ತರೂ ಮುಸ್ಲಿಮರೂ ಒಬ್ಬನೇ ದೇವರನ್ನು ಆರಾಧಿಸುತ್ತಾರೆಂದು ನಂಬುತ್ತೇನೆ ಎಂದಾಗ ಅಮೆರಿಕದ ದೊಡ್ಡ ಪ್ರೊಟೆಸ್ಟೆಂಟ್ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟರ ನಾಯಕ ರಿಚರ್ಡ್ ಲ್ಯಾಂಡ್ ಬಹಿರಂಗವಾಗಿಯೇ ಒಪ್ಪಲಿಲ್ಲ. ಅಧ್ಯಕ್ಷರು ಸೇನೆಗೆ ಮುಖ್ಯಸ್ಥರೇ ಹೊರತು ಧರ್ಮಶಾಸ್ತ್ರಕ್ಕಲ್ಲ ಎಂಬ ಅರ್ಥದ ಮಾತು ಅವರದು. ಈ ಆಕ್ಷೇಪವನ್ನು ನಾನು ಗೌರವಿಸುತ್ತೇನೆ. ಅದು ಗೆರೆಯನ್ನು ಸರಿಯಾದ ಜಾಗದಲ್ಲಿ ಎಳೆಯುತ್ತದೆ: ಪ್ರಜೆಗಳನ್ನು ಕಾಪಾಡುವ ಮಾತು ಆಳುವವರು ಆಡಲಿ, ದೇವರು ಯಾರೆಂಬುದನ್ನು ಕ್ರೈಸ್ತ ಸಭೆ ಹೇಳಲಿ. ಹೊಗಳಿದ್ದಕ್ಕೇ ಸಿಟ್ಟಾಗುವುದು ಬೇರೆ, ಹೊಗಳಿಕೆಯಲ್ಲಿ ತಪ್ಪೆನಿಸಿದ ಒಂದು ಮಾತನ್ನು ತೋರಿಸುವುದು ಬೇರೆ.

ಸಿಟ್ಟು ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ನಮ್ಮ ನೆರೆಯಲ್ಲೇ ಒಂದು ಗಾಯವಿದೆ. 2002ರ ಅಕ್ಟೋಬರ್ 6ರಂದು ಅಮೆರಿಕದ ಟಿವಿಯಲ್ಲಿ ವರ್ಜೀನಿಯಾದ ಬೋಧಕ ಜೆರಿ ಫಾಲ್ವೆಲ್ ಪ್ರವಾದಿ ಮುಹಮ್ಮದರನ್ನು ಭಯೋತ್ಪಾದಕ ಎಂದು ಕರೆದರು. ಐದು ದಿನ ಕಳೆದು, ಶುಕ್ರವಾರ, ಸೊಲ್ಲಾಪುರದಲ್ಲಿ ಆ ಮಾತನ್ನು ಖಂಡಿಸಿ ಬಂದ್ ನಡೆಯಿತು. ಸಿದ್ಧರಾಮನ ಸೊನ್ನಲಿಗೆ ಅದು. ವಿಜಯಪುರದಿಂದ ನೂರು ಕಿಲೋಮೀಟರಿನಷ್ಟು ದೂರ, ಇಂದಿಗೂ ಕನ್ನಡ ಮಾತನಾಡುವ ಮನೆಗಳಿರುವ ಊರು. ಬಂದ್ ಹಿಂದೂ–ಮುಸ್ಲಿಂ ಘರ್ಷಣೆಯಾಯಿತು, ಜನ ಸತ್ತರು, ಕರ್ಫ್ಯೂ ಬಿತ್ತು. ಫಾಲ್ವೆಲ್ ಮರುದಿನ ಕ್ಷಮೆ ಕೇಳಿದರು. ಆದರೆ ಹೋದ ಜೀವ ಕ್ಷಮೆಯಿಂದ ಬರುವುದಿಲ್ಲ. ಬಂದ್‌ನ ದಿನ ಕಲ್ಲೆತ್ತಿದವರ ಪಾಪ ಅವರದೇ, ಅದನ್ನು ಬೋಧಕರ ತಲೆಗೆ ಕಟ್ಟುವುದಿಲ್ಲ. ಆದರೂ ಸುವಾರ್ತೆ ಸಾರುವ ಬಾಯಿಂದ ಬಂದ ಮಾತು ಸಾವಿರಾರು ಮೈಲಿ ದಾಟಿ ಸೊಲ್ಲಾಪುರದ ಗಲ್ಲಿಗಳಲ್ಲಿ ಬೆಂಕಿಯಾದದ್ದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಮುಂದಿನ ತಿಂಗಳು ಬುಷ್, ಇಸ್ಲಾಮಿನ ಬಗ್ಗೆ ಬಂದಿರುವ ಕೆಲವು ಮಾತುಗಳು ತಮ್ಮ ಸರ್ಕಾರದ್ದೂ ಅಲ್ಲ, ಬಹುಪಾಲು ಅಮೆರಿಕನ್ನರದ್ದೂ ಅಲ್ಲ ಎಂದು ಹೇಳಬೇಕಾಯಿತು. ಬೋಧಕರು ಕೆಡಿಸಿದ್ದನ್ನು ರಾಜಕಾರಣಿ ಸರಿಪಡಿಸುವ ಸ್ಥಿತಿ ಅದು.

ಅಪೊಸ್ತಲರ ಕೃತ್ಯಗಳ ಹತ್ತೊಂಬತ್ತನೆಯ ಅಧ್ಯಾಯವನ್ನು ನಿಮ್ಮ ಗುಂಪಿನಲ್ಲಿ ಒಮ್ಮೆ ಓದಿ. ಎಫೆಸದಲ್ಲಿ ಅರ್ತೆಮಿ ದೇವಿಯ ಭಕ್ತರು ಪೌಲನ ಸಂಗಡಿಗರ ಮೇಲೆ ತಿರುಗಿಬಿದ್ದು ರಂಗಮಂದಿರದಲ್ಲಿ ಎರಡು ತಾಸು ಕೂಗಾಡುತ್ತಾರೆ. ಕೊನೆಗೆ ಅವರನ್ನು ಉಳಿಸಿದವನು ಒಬ್ಬ ಅನ್ಯಧರ್ಮೀಯ ಅಧಿಕಾರಿ. ಇವರು ಗುಡಿಯನ್ನು ದೋಚಿದವರಲ್ಲ, ನಮ್ಮ ದೇವಿಯನ್ನು ದೂಷಿಸಿದವರೂ ಅಲ್ಲ ಎಂದು ಅವನು ಜನಕ್ಕೆ ಹೇಳುತ್ತಾನೆ. ಪೌಲನು ಆ ಊರಿನಲ್ಲಿ ಎರಡು ವರ್ಷಕ್ಕೂ ಮೇಲ್ಪಟ್ಟು ಬೋಧಿಸಿದ್ದನು, ಕೈಯಿಂದ ಮಾಡಿದ ದೇವರುಗಳು ದೇವರಲ್ಲ ಎಂದು ಸಾರಿಯೂ ಇದ್ದನು. ಆದರೂ ಎದುರು ಪಕ್ಷದ ಅಧಿಕಾರಿ ಹಾಗೆ ಸಾಕ್ಷಿ ಹೇಳಬಲ್ಲವನಾಗಿದ್ದನು.

ಟೆಕ್ಸಾಸಿನ ಸಹೋದರಿಯ ಇನ್ನೊಂದು ಪ್ರಶ್ನೆ: ಹಾಗಾದರೆ ನಾವೂ ಅವರೂ ಆರಾಧಿಸುವುದು ಒಬ್ಬನೇ ದೇವರನ್ನೇ?

ಈ ಪ್ರಶ್ನೆಗೆ ಕ್ರೈಸ್ತರು ಹಿಂದಿನಿಂದಲೂ ಒಂದೇ ಉತ್ತರ ಕೊಟ್ಟಿಲ್ಲ. ಎಂಟನೆಯ ಶತಮಾನದಲ್ಲಿ, ಖಲೀಫರ ಆಳ್ವಿಕೆಯಲ್ಲಿಯೇ ಬಾಳಿದ ಇಬ್ಬರನ್ನು ನೋಡಿ. ದಮಾಸ್ಕಸಿನ ಯೋಹಾನ್ನನು ಇಸ್ಲಾಮನ್ನು ಪಾಷಂಡ ಮತಗಳ ಪಟ್ಟಿಗೆ ಸೇರಿಸಿ ಕಟುವಾಗಿ ಬರೆದನು. ‘ಪೂರ್ವದ ಸಭೆ’ ಎಂಬ ಪುರಾತನ ಕ್ರೈಸ್ತ ಪಂಗಡದ ಮುಖ್ಯಸ್ಥ, ಮಹಾಪಿತೃ ತಿಮೊಥಿ ಸುಮಾರು 781ರಲ್ಲಿ ಖಲೀಫ ಅಲ್-ಮಹ್ದಿಯೊಂದಿಗೆ ಎರಡು ದಿನ ಸಂವಾದ ನಡೆಸಿದನು. ಮುಹಮ್ಮದರ ಬಗ್ಗೆ ಏನು ಹೇಳುತ್ತೀಯೆಂದು ಖಲೀಫ ಕೇಳಿದಾಗ, ಅವರು ಪ್ರವಾದಿಗಳ ಹಾದಿಯಲ್ಲಿ ನಡೆದವರು, ಜನರನ್ನು ವಿಗ್ರಹಗಳಿಂದ ಬಿಡಿಸಿ ಒಬ್ಬ ದೇವರ ಕಡೆ ತಿರುಗಿಸಿದವರು, ಹೊಗಳಿಕೆಗೆ ಅರ್ಹರು ಎಂದನು. ತ್ರಿತ್ವವನ್ನಾಗಲಿ ಯೇಸು ದೇವಕುಮಾರನೆಂಬುದನ್ನಾಗಲಿ ಒಂದಿಷ್ಟೂ ಬಿಟ್ಟುಕೊಡಲಿಲ್ಲ. ಅರಸನೆದುರಿನ ವಿನಯ ಆ ಮಾತಿನಲ್ಲಿ ಇದ್ದೇ ಇದೆ. ಆದರೂ ಅದನ್ನು ಬರಿಯ ಮುಖಸ್ತುತಿ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಕಥೋಲಿಕ ಸಭೆಯ ಅಧಿಕೃತ ನಿಲುವು ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಘೋಷಣೆಯಲ್ಲಿದೆ. ಮುಸ್ಲಿಮರನ್ನು ಸಭೆ ಗೌರವದಿಂದ ಕಾಣುತ್ತದೆ, ಅವರು ಏಕದೇವರನ್ನು ಆರಾಧಿಸುತ್ತಾರೆ, ಯೇಸುವನ್ನು ದೇವರೆಂದು ಒಪ್ಪದಿದ್ದರೂ ಪ್ರವಾದಿಯೆಂದು ಆದರಿಸುತ್ತಾರೆ, ಮರಿಯಮ್ಮನವರನ್ನು ಗೌರವಿಸುತ್ತಾರೆ ಎಂದು ಅದು ಹೇಳುತ್ತದೆ. ಅಧ್ಯಕ್ಷರು ಇಸ್ಲಾಮನ್ನು ಹೊಗಳಿದರೆಂದು ಕೆರಳುವ ಕಥೋಲಿಕರು ತಮ್ಮ ಸಭೆಯೇ ಅದಕ್ಕಿಂತ ಮುಂದೆ ಹೋಗಿದೆಯೆಂಬುದನ್ನು ಮರೆಯಬಾರದು. ಪ್ರೊಟೆಸ್ಟೆಂಟರಲ್ಲಿ ಭೇದ ಹೆಚ್ಚು. ಅಮೆರಿಕದ ಇವಾಂಜೆಲಿಕಲ್ ಕ್ರೈಸ್ತರ ವೀಟನ್ ಕಾಲೇಜಿನಲ್ಲಿ 2015ರಲ್ಲಿ ಹಿಜಾಬ್ ಧರಿಸಿ ‘ಒಬ್ಬನೇ ದೇವರು’ ಎಂದ ಪ್ರಾಧ್ಯಾಪಕಿಯೊಬ್ಬರು ಮುಂದಿನ ವರ್ಷ ಆ ಕೆಲಸ ಬಿಡಬೇಕಾಗಿ ಬಂತು.

ನನ್ನ ಅಭಿಪ್ರಾಯ ಕೇಳಿದರೆ, ಅವರು ಕೂಗಿ ಕರೆಯುವುದು ಅಬ್ರಹಾಮನನ್ನು ಕರೆದ ದೇವರನ್ನೇ. ಆ ದೇವರು ಯೇಸುವಿನಲ್ಲಿ ಮನುಷ್ಯನಾದನೆಂಬುದನ್ನು ಅವರು ಒಪ್ಪುವುದಿಲ್ಲ, ನಾನು ಅದನ್ನು ಬಿಟ್ಟು ಬದುಕಲಾರೆ. ಹೆಸರಿಗಾಗಿ ಜಗಳ ಬೇಡ. ಅರಬ್ ಕ್ರೈಸ್ತರ ಬೈಬಲಿನಲ್ಲೂ ದೇವರಿಗೆ ‘ಅಲ್ಲಾಹ್’ ಎಂದೇ ಇದೆ. ಕಥೋಲಿಕರೂ ಬಳಸುವ ಕನ್ನಡ ಬೈಬಲಿನಲ್ಲಿ ‘ಸರ್ವೇಶ್ವರ’ ಎಂದಿದೆ. ಆ ಪದ ನಮ್ಮ ಶರಣರ ನೆಲದ್ದು. ಅದನ್ನು ಉಚ್ಚರಿಸಿದ ಮಾತ್ರಕ್ಕೆ ಯಾರ ವಿಶ್ವಾಸವೂ ಕೆಡಲಿಲ್ಲ.

ಮತ್ತೊಬ್ಬ ಓದುಗರು, ಮಂಗಳೂರಿನಿಂದ: ಪಾಕಿಸ್ತಾನದಲ್ಲೂ ಈಜಿಪ್ಟಿನಲ್ಲೂ ಕ್ರೈಸ್ತರು ಸಾಯುತ್ತಿರುವಾಗ ಇಂಥ ಹೊಗಳಿಕೆ ಅವರ ಗಾಯಕ್ಕೆ ಉಪ್ಪು ಸವರಿದಂತಲ್ಲವೇ?

ಕೆಲವೊಮ್ಮೆ ಹೌದು. ನೀವು ಮಂಗಳೂರಿನವರು, 1784ರಲ್ಲಿ ಟಿಪ್ಪು ಸುಲ್ತಾನ ಕೆನರಾದ ಕಥೋಲಿಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದ ಕಥೆಯನ್ನು ಅಜ್ಜಿಯ ಬಾಯಲ್ಲಿ ಕೇಳಿದ ಮನೆಗಳು ನಿಮ್ಮಲ್ಲಿ ಇಂದಿಗೂ ಇವೆ. ಅಂಥ ಕಿವಿಗೆ ಅಧಿಕಾರಸ್ಥರ ಹೊಗಳಿಕೆ ಬೇರೆಯೇ ರೀತಿ ಕೇಳಿಸುತ್ತದೆ. 2015ರ ಫೆಬ್ರವರಿಯಲ್ಲಿ ಲಿಬಿಯಾದ ಕಡಲ ತೀರದಲ್ಲಿ ಐಸಿಸ್ ಉಗ್ರರು 21 ಕ್ರೈಸ್ತರ ತಲೆ ಕಡಿದರು. ಅವರಲ್ಲಿ 20 ಮಂದಿ ಈಜಿಪ್ಟಿನ ಕೋಪ್ಟರು, ಕೂಲಿಗೆಂದು ಹೋದ ಬಡವರು. ಅವರ ತಾಯಂದಿರ ಮುಂದೆ ನಿಂತು ‘ಶಾಂತಿಯ ಧರ್ಮ’ ಎಂದು ಭಾಷಣ ಮಾಡಲು ನನಗಂತೂ ನಾಲಿಗೆ ಏಳುವುದಿಲ್ಲ.

ಆದ್ದರಿಂದ ಹೊಗಳಿದ್ದು ಯಾರ ಮುಂದೆ, ಯಾರಿಗಾಗಿ ಎಂದು ನೋಡಬೇಕು. ತನ್ನದೇ ದೇಶದ ಅಲ್ಪಸಂಖ್ಯಾತರಿಗೆ ಕಲ್ಲು ಬೀಳುವ ಹೊತ್ತಿನಲ್ಲಿ ಅವರ ಧರ್ಮದ ಬಗ್ಗೆ ಒಳ್ಳೆಯ ಮಾತಾಡುವುದು ರಕ್ಷಣೆ. ಒಂದು ಚರ್ಚ್ ಕಟ್ಟಲೂ ಅವಕಾಶವಿಲ್ಲದ ಸೌದಿ ಅರೇಬಿಯಾದಲ್ಲಿ ತೈಲ ಮತ್ತು ಶಸ್ತ್ರಾಸ್ತ್ರದ ಒಪ್ಪಂದಕ್ಕೆ ಸಹಿ ಹಾಕುತ್ತಾ ಅದೇ ಮಾತಾಡಿ, ಅಲ್ಲಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸುವ ಭಾರತದ, ಫಿಲಿಪ್ಪೀನ್ಸಿನ ಕ್ರೈಸ್ತರ ಬಗ್ಗೆ ತುಟಿ ಬಿಚ್ಚದಿರುವುದು ವ್ಯಾಪಾರ. ಎರಡನೆಯದನ್ನು ಕ್ರೈಸ್ತರು ಗಟ್ಟಿಯಾಗಿ ಪ್ರಶ್ನಿಸಲಿ. ಒಬಾಮ 2009ರ ಜೂನ್ 4ರಂದು ಕೈರೋದಲ್ಲಿ ಇಸ್ಲಾಮಿನ ಕೊಡುಗೆಗಳನ್ನು ಉದ್ದಕ್ಕೂ ಕೊಂಡಾಡಿದರು. ಅದೇ ವೇದಿಕೆಯಲ್ಲಿ ಈಜಿಪ್ಟಿನ ಕೋಪ್ಟರ, ಲೆಬನಾನಿನ ಮಾರೊನೈಟ್ ಕ್ರೈಸ್ತರ ಹೆಸರನ್ನೂ ಎತ್ತಿದರು. ಒಂದೇ ವಾಕ್ಯ, ಇನ್ನೂ ಹೆಚ್ಚು ಬೇಕಿತ್ತು ಎಂದು ನನಗನಿಸಿದ್ದುಂಟು. ಆದರೂ ಮೌನವಲ್ಲ.

ಪಾಕಿಸ್ತಾನದ ವಿಷಯದಲ್ಲಿ ಒಂದನ್ನು ಹೇಳಲೇಬೇಕು. ದೈವನಿಂದೆಯ ಆರೋಪ ಹೊತ್ತು ಮರಣದಂಡನೆಗೆ ಗುರಿಯಾಗಿದ್ದ ಕ್ರೈಸ್ತ ಕೂಲಿ ಹೆಂಗಸು ಆಸಿಯಾ ಬೀಬಿಯ ಪರ ನಿಂತದ್ದಕ್ಕೆ 2011ರಲ್ಲಿ ಇಬ್ಬರನ್ನು ಕೊಂದರು. ಮಾರ್ಚ್‌ನಲ್ಲಿ ಸತ್ತ ಸಚಿವ ಶಹಬಾಜ್ ಭಟ್ಟಿ ಕಥೋಲಿಕರು. ಅದಕ್ಕೂ ಮೊದಲು, ಜನವರಿ 4ರಂದು, ತನ್ನದೇ ಅಂಗರಕ್ಷಕನ ಗುಂಡಿಗೆ ಬಲಿಯಾದ ಪಂಜಾಬಿನ ರಾಜ್ಯಪಾಲ ಸಲ್ಮಾನ್ ತಾಸೀರ್ ಮುಸ್ಲಿಮರು. ಜೈಲಿಗೆ ಹೋಗಿ ಆ ಹೆಂಗಸಿನ ಪಕ್ಕ ಕುಳಿತು ಬಂದಿದ್ದರು. 2018ರಲ್ಲಿ ಆಕೆಯನ್ನು ಬಿಡುಗಡೆ ಮಾಡಿದ ನ್ಯಾಯಮೂರ್ತಿಗಳೂ ಮುಸ್ಲಿಮರೇ. ನಮ್ಮ ಚರ್ಚುಗಳಲ್ಲಿ ಭಟ್ಟಿಯವರಿಗಾಗಿ ಪ್ರಾರ್ಥನೆ ನಡೆದಾಗ ತಾಸೀರ್ ಹೆಸರನ್ನೂ ಸೇರಿಸಿ ಎಂದು ನಾನು ಕೇಳುತ್ತಲೇ ಬಂದಿದ್ದೇನೆ. ಕೆಲವು ಕಡೆ ಸೇರಿಸುತ್ತಾರೆ.

ಟೆಕ್ಸಾಸಿನ ಸಹೋದರಿಗೆ ಒಂದು ಮಾತು: ಮುಂದಿನ ಸಲ ಗುಂಪು ಸೇರುವ ಮೊದಲು ಆ ಹಿರಿಯರನ್ನು ಒಬ್ಬರೇ ಇರುವಾಗ ಕಂಡು, 2012ರ ಭಾಷಣದ ಪೂರ್ಣ ಪಠ್ಯವನ್ನು ಅವರ ಕೈಗೆ ಕೊಡಿ. ಎಲ್ಲರೆದುರು ತಿದ್ದಬೇಡಿ. ಕೋಪ್ಟರ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟರೆ ಸಾಕು, ಗುಂಪಿನಲ್ಲಿ ಅದನ್ನು ಅವರೇ ಓದಲಿ.